ಮೂರು ಕಾಲಿನ ಆಸರೆ

ರೈಫಲ್ ನಿಧಾನವಾಗಿ ತಿರುಗಿತು. ತಿರುಗಿ ನನ್ನ ಹಣೆಯ ನೇರಕ್ಕೆ ಬಂದು ನಿಂತಿತು.

ಅಲ್ಲಾಡಲಿಲ್ಲ... ಕೂದಲೆಳೆಯಷ್ಟೂ ಅಲ್ಲಾಡಲಿಲ್ಲ!

ಅಲ್ಲಾಡುವುದಾದರೂ ಹೇಗೆ? ಅದನ್ನು ಟ್ರೈಪಾಡಿನ ತಲೆಗೆ ಕಚ್ಚಿಸಿ ನಿಲ್ಲಿಸಿದ್ದರು. ಗುರಿ ನೋಡುವ ಸ್ಕೋಪಿನ ಹಿಂದೆ ಒಂದು ಕಣ್ಣು. ಡಾಕ್ಟರ್ ಸಂಗನಬಸಪ್ಪನವರ ಕಣ್ಣು.

ಬರ್ಮಿಂಗ್‌ಹ್ಯಾಮ್‌ನ ಅರ್ಧ ಕನ್ನಡಿಗರ ಕಣ್ಣಿನ ಪೊರೆ ತೆಗೆದ ಸರ್ಜನ್ ಅವರು. ಬಸವ ಜಯಂತಿಗೆ ವೇದಿಕೆ ಹತ್ತಿ ದಯೆಯ ಬಗ್ಗೆ ಮಾತಾಡುವವರು. ಕೇಕಿನಲ್ಲಿ ಮೊಟ್ಟೆ ಇದೆಯಾ ಅಂತ ಕೇಳಿಯೇ ಬಾಯಿಗಿಡುವವರು!

ನಾನು ಒಣಗಿದ ಜರಿಗಿಡಗಳ ನಡುವೆ ಬೋರಲು ಬಿದ್ದಿದ್ದೆ. ನನ್ನ ಮುಂದೆಯೂ ಒಂದು ಟ್ರೈಪಾಡ್, ಅದರ ಮೇಲೆ ಉದ್ದ ಲೆನ್ಸಿನ ಕ್ಯಾಮೆರಾ. ಲೆನ್ಸಿಗೆ ಬಿಸಿಲು ಬಡಿದು ಮಿಂಚಿತ್ತು. ತಪ್ಪು ನನ್ನದೇ.

ಎದ್ದು ಓಡಿದೆ!

“ಯಾರಲೇ ಅಂವಾ? ನಿಂದ್ರ!”

ನಿಲ್ಲಲು ನನಗೇನು ಹುಚ್ಚೇ? ಬೇಲಿ ಹಾರಿದೆ. ಪ್ಯಾಂಟ್ ಹರಿಯಿತು. ಹಿಂದೆ ಬೂಟುಗಳ ಸದ್ದು... ಹತ್ತಿರ... ಇನ್ನೂ ಹತ್ತಿರ... ಕಾಲು ಜಾರಿ ಕೆಸರಿನ ಹಳ್ಳಕ್ಕೆ ದಬಕ್ಕನೆ ಬಿದ್ದೆ.

ಬಿದ್ದಲ್ಲಿಂದಲೇ ನನ್ನ ಪರಿಚಯ ಹೇಳಿಬಿಡುತ್ತೇನೆ, ಕೇಳಿ. ಹೆಸರು ಇಂದುಶೇಖರ, ಊರು ಮೈಸೂರು. ಬರ್ಮಿಂಗ್‌ಹ್ಯಾಮ್‌ನಲ್ಲಿ ಗಂಡಂದಿರ ಹಿಂದೆ ಹೋಗುವುದು ನನ್ನ ಕಸುಬು. ಈ ಕೇಸು ಕೊಟ್ಟವರು ಡಾಕ್ಟರ ಹೆಂಡತಿ ಪ್ರಭಾವತಿ. ಗಂಡ ಪ್ರತಿ ಶನಿವಾರ ಬೆಳಗ್ಗೆ ಸಟನ್ ಕೋಲ್ಡ್‌ಫೀಲ್ಡ್‌ನ ಮನೆಯಿಂದ ಹಕ್ಕಿಗಳ ಫೋಟೋಗ್ರಫಿ ಅಂತ ಹೊರಡುತ್ತಾರೆ. ಒಂದು ಗುಬ್ಬಿಯ ಫೋಟೋ ಕೂಡ ಮನೆಗೆ ಬಂದಿಲ್ಲ!

“ಇನ್ನೊಬ್ಬಾಕಿ ಇದ್ದಾಳ. ಯಾರಂತ ಹೇಳ್ರಿ ಸಾಕು,” ಎಂದಿದ್ದರು ಆಕೆ.

ಹಾಗಾಗಿ M6 ಹೆದ್ದಾರಿ ಹಿಡಿದು, ಮ್ಯಾಕಲ್ಸ್‌ಫೀಲ್ಡ್ ದಾಟಿ, ಈ ಖಾಸಗಿ ಕಾಡಿನವರೆಗೂ ಹಿಂಬಾಲಿಸಿದ್ದೆ. ಹೆಂಗಸು ಸಿಗಲಿಲ್ಲ. ಜಿಂಕೆ ಸಿಕ್ಕಿತು. ಡಾಕ್ಟರು ಮೊದಲು ಟ್ರೈಪಾಡಿನ ಮೇಲೆ ಬೈನಾಕ್ಯುಲರ್ ಕೂರಿಸಿ, ಎದುರಿನ ಗುಡ್ಡವನ್ನು ತುಂಡು ತುಂಡಾಗಿ ನೋಡಿದ್ದರು. ಜಿಂಕೆ ಕಂಡಮೇಲೆ ಬೈನಾಕ್ಯುಲರ್ ತೆಗೆದು ಎದೆಗೆ ನೇತುಹಾಕಿಕೊಂಡು, ಅದೇ ಜಾಗಕ್ಕೆ ರೈಫಲ್ ಕಚ್ಚಿಸಿದ್ದರು. ಆಗಲೇ ನನ್ನ ಲೆನ್ಸ್ ಮಿಂಚಿದ್ದು.

ಹಳ್ಳದ ದಂಡೆಯ ಮೇಲೆ ಅವರು ನಿಂತರು. ಏದುಸಿರು. ಕೈಯಲ್ಲಿ ರೈಫಲ್.

“ನೀವು... ರತ್ನಮ್ಮನ ತಮ್ಮ ಅಲ್ವಾ?”

“ಹೌದು ಸಾರ್.”

ಅಕ್ಕ ರತ್ನಮ್ಮನ ಕಣ್ಣಿನ ಪೊರೆಯನ್ನು ಬರುವ ಮಂಗಳವಾರ ಇವರೇ ತೆಗೆಯಬೇಕಿತ್ತು. ಬೇರೆ ಡಾಕ್ಟರು ಬೇಗ ಮಾಡುತ್ತೇವೆ ಎಂದರೂ ಒಪ್ಪದೆ, ನಮ್ಮವರೇ ಆಗಬೇಕು ಅಂತ ಅಕ್ಕ ತಿಂಗಳುಗಟ್ಟಲೆ ಕಾದಿದ್ದಳು.

ಡಾಕ್ಟರ ಮುಖ ಕಪ್ಪಿಟ್ಟಿತು. ಜಾಕೆಟ್ಟಿನ ಜಿಪ್ ಅರ್ಧ ಇಳಿದಿತ್ತು. ಒಳಗೆ ಕೊರಳಲ್ಲಿ ಲಿಂಗದ ಕರಡಿಗೆ. ನಾನು ಅದನ್ನು ನೋಡಿದ್ದು ಅವರ ಗಮನಕ್ಕೂ ಬಂತು. ತಟ್ಟನೆ ಜಿಪ್ ಮೇಲಕ್ಕೆಳೆದರು.

“ಹೆಂಡತಿ ಕಳಿಸಿದಳಾ?”

“ಇನ್ನೊಬ್ಬಳು ಯಾರು ಅಂತ ಕೇಳ್ತಿದ್ದಾರೆ.”

ಅವರು ನಕ್ಕರು. ಅಳುವಂತಿತ್ತು ಆ ನಗು. ಬೆನ್ನುಚೀಲದಿಂದ ಫ್ಲಾಸ್ಕ್ ತೆಗೆದರು. “ನಡಗಾಕತ್ತೀರಿ. ಚಾ ಕುಡೀರಿ ಮೊದಲ.”

ಹೆದರಿದಾಗ ಅವರ ಬಾಯಿಗೆ ವಿಜಯಪುರದ ಮಾತು ಬರುತ್ತದೆ.

ನಡುಗುತ್ತಿದ್ದವನು ನಾನಲ್ಲ! ಚಹಾ ಕಪ್ಪಿಗೆ ಬೀಳುವ ಬದಲು ನನ್ನ ಮಣಿಕಟ್ಟಿನ ಮೇಲೆ ಬಿತ್ತು. ಸುಟ್ಟಿತು. ಆಗ ನನ್ನ ತಲೆಯಲ್ಲಿ ಗಂಟೆ ಬಾರಿಸಿತು.

ಬೇಟೆಗಾರರಲ್ಲಿ ಒಂದು ಕಟ್ಟಳೆ ಇದೆ. ನೋಡಲು ಬೈನಾಕ್ಯುಲರ್, ಹೊಡೆಯಲು ರೈಫಲ್. ಏನೋ ಮಿಂಚಿತು ಅಂತ ರೈಫಲ್ ತಿರುಗಿಸಿ ಇಣುಕುವವನು ಮೂರ್ಖ. ಮಿಂಚಿದ್ದು ಮನುಷ್ಯನೂ ಆಗಿರಬಹುದು! ಈ ಮನುಷ್ಯ ಮೂರ್ಖನಲ್ಲ. ಬೈನಾಕ್ಯುಲರ್ ಎದೆಯ ಮೇಲೇ ಇತ್ತು. ಎತ್ತಿ ನೋಡಲಿಲ್ಲ... ಏಕೆ?

ಎತ್ತಿ ಹಿಡಿದರೆ ಆ ಕೈಯಲ್ಲಿ ಅದು ಅಲ್ಲಾಡದೆ ನಿಲ್ಲುತ್ತಿರಲಿಲ್ಲ!

“ಕೈ ಯಾವಾಗಿನಿಂದ ಹೀಗೆ ಸಾರ್?”

ಫ್ಲಾಸ್ಕ್ ಕೆಳಗೆ ಬಿತ್ತು. ರೈಫಲ್ ಮೇಲೆದ್ದಿತು.

“ಕಾಡಿನಾಗ accident ಆಗ್ತಾವ, ಇಂದುಶೇಖರ.”

ನಳಿಗೆಯ ತುದಿ ನನ್ನ ಕಿವಿಯಿಂದ ಭುಜಕ್ಕೆ, ಭುಜದಿಂದ ಆಕಾಶಕ್ಕೆ ಅಲೆದಾಡಿತು.

“ಟ್ರೈಪಾಡನ್ನು ಅಲ್ಲೇ ಬಿಟ್ಟು ಬಂದಿದ್ದೀರಿ, ಸಾರ್.”

ರೈಫಲ್ ಇಳಿಯಿತು. ಅವರೂ ಇಳಿದು ಕೆಸರಿನಲ್ಲೇ ಕುಳಿತರು. ಗುಂಡು ತೆಗೆದು ಜೇಬಿಗೆ ಹಾಕಿಕೊಳ್ಳಲು ಬೆರಳುಗಳು ತಡಕಾಡಿದವು. ನನಗೆ ನೋಡಲಾಗಲಿಲ್ಲ.

“ವಾರಕ್ಕೊಮ್ಮೆ... ಸ್ಕೋಪಿನೊಳಗ ಆ ಗುರಿ ಗೆರಿ ಅಲ್ಲಾಡದ ನಿಂತಿದ್ದು ನೋಡಬೇಕು ಅನಸ್ತದ. ಹೊಡದ ಮ್ಯಾಲೆ ಮನೀಗ್ ಹೋಗಿ ಪೂಜಿಗೆ ಕುಂಡ್ರಾಕ ಆಗೂದಿಲ್ಲ.”

“ಆಪರೇಷನ್ ಥಿಯೇಟರ್‌ನಲ್ಲಿ ಟ್ರೈಪಾಡ್ ಇಲ್ಲವಲ್ಲ?”

“ಇನ್ನೂ ಯಾವ ಕಣ್ಣೂ ಕೆಟ್ಟಿಲ್ಲ.”

“ಇನ್ನೂ!”

ಅವರು ನನ್ನ ತೋಳು ಹಿಡಿದರು. ಅವರ ನಡುಕ ನನ್ನ ಮೂಳೆಗೆ ಇಳಿಯಿತು. “ಪ್ರಭಾವತಿಗೆ ಇನ್ನೊಬ್ಬಾಕಿ ಇದ್ದಾಳ ಅಂತನ ಹೇಳ್ರಿ. ಬೇಟೆ ಆಡ್ತಾನ ಅಂತ ಹೇಳ್ರಿ. ಇದೊಂದು ಬ್ಯಾಡ. ನಿಮ್ಮ ಅಕ್ಕನ ಕೇಸು ನನ್ನ colleagueಗೆ ಕೊಡ್ತೀನಿ. ಭಾಳ ಒಳ್ಳೆ ಕೈ ಅಕೀದು.”

ಇಲ್ಲಿ ನಾನು ಏನು ಹೇಳಬೇಕಿತ್ತು ಅಂತ ನಿಮಗೂ ಗೊತ್ತು, ನನಗೂ ಗೊತ್ತು.

ತಲೆಯಾಡಿಸಿದೆ. ನಾಚಿಕೆಯಾಗುತ್ತದೆ ಹೇಳಲು... ಅಕ್ಕನ ಹೆಸರು ಬಂದೊಡನೆ ಕೋಲೆಬಸವನ ಹಾಗೆ ತಲೆಯಾಡಿಸಿದೆ!

ಅಂದು ಸಂಜೆ ಪ್ರಭಾವತಿಯವರ ಮನೆ. ಅವರು ಕೂರಲಿಲ್ಲ.

“ಯಾರಕಿ?”

“ಯಾರೂ ಇಲ್ಲ ಮೇಡಂ. ಕಾಡಿಗೆ ಹೋಗಿ ಜಿಂಕೆ ನೋಡ್ತಾರೆ.”

“ಸುಳ್ಳು! ದಿನಾ ಅವರ ಅಂಗಿ ಗುಂಡಿ ಹಾಕಾಕಿ ನಾನು. ಅವರ ಕೈಲೆ ಆಗೂದಿಲ್ಲ. ಶನಿವಾರ ನಾ ಏಳೂದ್ರಾಗ ಹೋಗಿರ್ತಾರ. ಅವತ್ತು ಯಾರು ಹಾಕ್ತಾರ?”

ಕಾಡಿನಲ್ಲಿ ಅವರು ತಟ್ಟನೆ ಮೇಲಕ್ಕೆಳೆದ ಜಿಪ್ ನನಗೆ ನೆನಪಾಯಿತು.

“ಶನಿವಾರದ ಜಾಕೆಟ್ಟಿಗೆ ಜಿಪ್ ಇದೆ, ಮೇಡಂ.”

ಆಕೆ ಮೆಲ್ಲಗೆ ಸೋಫಾದಲ್ಲಿ ಕುಳಿತರು. ಮುಖದಲ್ಲಿ ಎಂಥ ನೆಮ್ಮದಿ!

“ಕೈ ವಿಷಯ ನಿಮಗೆ ಗೊತ್ತಿತ್ತು,” ಎಂದೆ.

“ಅದನ್ನ ನಾ ನಿಮಗ ಕೇಳಿದ್ನೇನ್ರಿ? ಮನಿ ಮಾನ ಅದು. ಹೊರಗ ಹೋಗಬಾರದು.”

ನಾನು ಆಕೆಗೆ ಬೈಯಬಹುದಿತ್ತು. ಯಾವ ಬಾಯಲ್ಲಿ ಬೈಯಲಿ?

ಭಾನುವಾರ ಕೆಸರಿನ ಬೂಟು ತೊಳೆದೆ. ಎರಡು ಸಲ ತೊಳೆದೆ.

ಸೋಮವಾರ ಮಧ್ಯಾಹ್ನ ಅಕ್ಕನ ಫೋನ್.

“ಇಂದೂ, ಆಸ್ಪತ್ರೆಯಿಂದ ಫೋನ್ ಬಂದಿತ್ತು ಕಣೋ. ನಾಳೆ ನನಗೆ ಬೇರೆ ಡಾಕ್ಟರಂತೆ. ಬೇಜಾರಾಯ್ತು ನೋಡು.”

“ಹೋಗ್ಲಿ ಬಿಡು ಅಕ್ಕ.”

“ಆದ್ರೂ ಒಂದು ಒಳ್ಳೇದಾಯ್ತು. ನನ್ನ slot ಪುಟ್ಟಲಕ್ಷ್ಮಿಗೆ ಸಿಕ್ಕಿದೆ! ಪಾಪ, ಅವಳಿಗೆ ಕಾಣೋದೇ ಒಂದು ಕಣ್ಣು. ಅದಕ್ಕೂ ಪೊರೆ. ನಮ್ಮ ಡಾಕ್ಟರ ಕೈಗೆ ಸಿಕ್ಕಿದ್ದೀನಿ, ಇನ್ನು ಭಯ ಇಲ್ಲ ಅಂತ ಅತ್ತೇ ಬಿಟ್ಟಳು ಕಣೋ...”

ಪುಟ್ಟಲಕ್ಷ್ಮಿ ನನಗೂ ಗೊತ್ತು. ಪ್ರತಿ ಯುಗಾದಿಗೆ ನನ್ನ ಪಾಲಿನ ಹೋಳಿಗೆ ಎತ್ತಿಟ್ಟು ಕಳಿಸುವಾಕೆ. ಆಕೆಯ ಒಂದೇ ಒಂದು ಕಣ್ಣನ್ನು ಆ ಕೈಯ ಕೆಳಗೆ ಮಲಗಿಸಿದವನು ನಾನು!

ಫೋನಿಟ್ಟೆ. ಬಂದೂಕಿನ ಎದುರು ಬೆವರದವನು ಅಡುಗೆಮನೆಯಲ್ಲಿ ಬೆವರಿದೆ. ನಂತರ ಆಸ್ಪತ್ರೆಗೆ ಫೋನ್ ಮಾಡಿದೆ. ರೋಗಿಗಳ ಸುರಕ್ಷತೆ ನೋಡಿಕೊಳ್ಳುವ ಮ್ಯಾನೇಜರೇ ಮಾತಿಗೆ ಬೇಕು ಎಂದೆ. ಡಾಕ್ಟರ ಹೆಸರು ಹೇಳಿದೆ, ಕೈ ವಿಷಯ ಹೇಳಿದೆ. ನನ್ನ ಹೆಸರನ್ನೂ ಹೇಳಿದೆ.

ಆಕೆ ಡಾಕ್ಟರ ನಾಳೆಯ ಆಪರೇಷನ್‌ಗಳನ್ನೆಲ್ಲ ಅಲ್ಲೇ ನಿಲ್ಲಿಸಿದಳು. ಆಮೇಲೆ ಕೇಳಿದಳು, ತಣ್ಣಗೆ.

“ನಿಮಗೆ ಇದು ಗೊತ್ತಾಗಿದ್ದು ಯಾವಾಗ?”

“ಶನಿವಾರ.”

“ಇವತ್ತು ಸೋಮವಾರ. ಇಲ್ಲಿಯವರೆಗೆ ಏನು ಮಾಡುತ್ತಿದ್ದಿರಿ?”

“ನನ್ನ ಅಕ್ಕನ ಕಣ್ಣು ಉಳಿಸುತ್ತಿದ್ದೆ, ಮೇಡಂ!”