ಪೆಟ್ಟು ತಿನ್ನದ ಸ್ಪ್ಯಾನರು

2007ರ ನವೆಂಬರ್ 15, ಗುರುವಾರ. ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷಕ್ಕೆ ಮರಳವಾಡಿಯ ಮಾಯಮ್ಮ ಹಾರೋಹಳ್ಳಿ ಪೊಲೀಸ್ ಠಾಣೆಗೆ ಬಂದಳು. ರೇಷ್ಮೆಹುಳಕ್ಕೆ ಸೊಪ್ಪು ಹಾಕುತ್ತಿದ್ದವಳು ಸುದ್ದಿ ಕೇಳಿ ಹಾಗೇ ಬಸ್ಸು ಹತ್ತಿ ಕನಕಪುರದ ಆಸ್ಪತ್ರೆಗೆ ಹೋಗಿ, ಅಲ್ಲಿಂದ ಠಾಣೆಗೆ ಬಂದಿದ್ದಳು. ಸೆರಗಿನಲ್ಲಿ ಹಿಪ್ಪುನೇರಳೆ ಎಲೆಯ ಚೂರುಗಳಿದ್ದವು. ಸಬ್‌ಇನ್ಸ್‌ಪೆಕ್ಟರ್ ನಟರಾಜು ಕುರ್ಚಿ ತೋರಿಸಿದರು. ಅವಳು ಕೂರಲಿಲ್ಲ.

"ನನ್ ಗಂಡನ್ ಮುಖಕ್ಕೆ ಸಮ್ಮಟಿಗೇಲಿ ಹೊಡ್ದವ್ನೆ ಸಾ. ಲಿಂಗಯ್ಯ ಅಂತ, ನಮ್ಮೂರೋನೆ. ಬರ್ಕಳಿ."

ಹೆಡ್ ಕಾನ್‌ಸ್ಟೇಬಲ್ ಮುನಿಶಾಮಯ್ಯ ಬರೆದುಕೊಂಡ. ಅವಳ ಗಂಡ ತಿಮ್ಮಯ್ಯನೂ ಈ ಲಿಂಗಯ್ಯನೂ ಹಾರೋಹಳ್ಳಿ ಕೈಗಾರಿಕಾ ಪ್ರದೇಶದ ಒಂದು ತಗಡು ಒತ್ತುವ ಕಾರ್ಖಾನೆಯಲ್ಲಿ ಫಿಟ್ಟರುಗಳು. ಆಗಸ್ಟಿನಲ್ಲಿ ಲಿಂಗಯ್ಯ ತನ್ನ ಟೊಮೆಟೊ ತೋಟಕ್ಕೆ ಔಷಧಿ ಹೊಡೆದಿದ್ದ. ಗಾಳಿ ಅದನ್ನು ಪಕ್ಕದ ತಿಮ್ಮಯ್ಯನ ಹಿಪ್ಪುನೇರಳೆಗೆ ಹೊತ್ತುಕೊಂಡು ಹೋಯಿತು. ಇನ್ನೆರಡು ದಿನದಲ್ಲಿ ಗೂಡು ಕಟ್ಟಬೇಕಿದ್ದ ಹುಳ ಅಷ್ಟೂ ಸತ್ತುಹೋದವು. ಹಾಲಿನ ಡೈರಿಯ ಮುಂದೆ ಊರೆಲ್ಲ ನೋಡುವಂತೆ ಇಬ್ಬರೂ ಅಂಗಿ ಹಿಡಿದುಕೊಂಡರು. ಅವತ್ತಿನಿಂದ ಮಾತಿಲ್ಲ. ಈ ದಿನ ಬೆಳಿಗ್ಗೆ ಹತ್ತು ನಲವತ್ತಕ್ಕೆ ತಿಮ್ಮಯ್ಯ ಬಗ್ಗಿ ಸ್ಪ್ಯಾನರು ಹಿಡಿದಿದ್ದ, ಲಿಂಗಯ್ಯನ ಕೈಯಲ್ಲಿ ಸಮ್ಮಟಿಗೆ ಇತ್ತು. ತಿಮ್ಮಯ್ಯನ ದವಡೆ ಮುರಿದಿತ್ತು, ಎಡಗಣ್ಣಿನ ಕೆಳಗೆ ಸೀಳಿತ್ತು.

ರಾಮನಗರ ಜಿಲ್ಲೆಯಾಗಿ ಆಗ ಮೂರು ತಿಂಗಳೂ ತುಂಬಿರಲಿಲ್ಲ. ಠಾಣೆಯ ಮೊಹರಿನಲ್ಲಿ ಇನ್ನೂ ಬೆಂಗಳೂರು ಗ್ರಾಮಾಂತರವೇ ಕೂತಿತ್ತು. ಮುನಿಶಾಮಯ್ಯ ಹಳೆಯ ಜಿಲ್ಲೆಯನ್ನು ಪೆನ್ನಿನಲ್ಲಿ ಹೊಡೆದು ಹೊಸದನ್ನು ಬರೆದ. ಎಫ್‌ಐಆರ್ ಆಯಿತು; ಐಪಿಸಿ ಕಲಂ 326, ಅಪಾಯಕಾರಿ ಆಯುಧದಿಂದ ತೀವ್ರ ಗಾಯ. ಜಾಮೀನು ಸುಲಭಕ್ಕೆ ಸಿಗದ ಕಲಂ.

ಸಂಜೆ ನಾಲ್ಕಕ್ಕೆ ಕಾರ್ಖಾನೆಯಲ್ಲಿ ಸ್ಥಳ ಪಂಚನಾಮೆ ನಡೆಯಿತು. ದೊಡ್ಡ ಪ್ರೆಸ್ಸಿನ ಬುಡದಲ್ಲಿ ಮಣಿಕಟ್ಟಿನ ಗಾತ್ರದ ನಾಲ್ಕು ಬೋಲ್ಟುಗಳು. ಅವುಗಳ ನಟ್ಟನ್ನು ಕೈಬಲದಿಂದ ಬಿಗಿಯಲಾಗದು. ಗಿಡ್ಡ ಹಿಡಿಯ, ದಪ್ಪ ಬಳೆಯ ಸ್ಪ್ಯಾನರನ್ನು ನಟ್ಟಿಗೆ ತೊಡಿಸಿ, ಹಿಡಿಯ ತುದಿಯ ದಿಮ್ಮಿಗೆ ಸಮ್ಮಟಿಗೆಯಿಂದ ಬಡಿಯಬೇಕು. ಒಬ್ಬ ಹಿಡಿಯುವವನು, ಒಬ್ಬ ಬಡಿಯುವವನು. ನೆಲದ ಮೇಲೆ ರಕ್ತ, ಸಮ್ಮಟಿಗೆ, ಒಂದು ಮಾರು ಹಗ್ಗ, 75 ಎಂದು ಅಚ್ಚೊತ್ತಿದ ಗ್ರೀಸು ಮೆತ್ತಿದ ಸ್ಪ್ಯಾನರು. ಎಲ್ಲವನ್ನೂ ಬಟ್ಟೆಯಲ್ಲಿ ಸುತ್ತಿ ಅರಗಿನ ಮುದ್ರೆ ಹಾಕಿದರು.

ಕಣ್ಣಾರೆ ಕಂಡವರು ಯಾರೂ ಇರಲಿಲ್ಲ. ಉಳಿದವರು ಟೀಗೆ ಹೋಗಿದ್ದರು. ಮೊದಲು ಓಡಿ ಬಂದವರು ಪಕ್ಕದ ಉಗ್ರಾಣದ ಸ್ಟೋರ್‌ಕೀಪರ್ ಗವಿಸಿದ್ದಯ್ಯ, ಐವತ್ತೇಳು ವರ್ಷದ ಮೆಲುದನಿಯ ಮನುಷ್ಯ, ಹಣೆಯಲ್ಲಿ ವಿಭೂತಿ. ಕೂಗು ಕೇಳಿ ಬಂದೆ, ಬಡಿದಿದ್ದನ್ನು ನೋಡಲಿಲ್ಲ ಎಂದಷ್ಟೇ ಹೇಳಿದರು. ಮ್ಯಾನೇಜರ್ ಮಾತ್ರ ಕೇಳಿದ್ದಕ್ಕೂ ಕೇಳದ್ದಕ್ಕೂ ಉತ್ತರ ಕೊಟ್ಟ. ಜೀಪಿನಲ್ಲಿ ವಾಪಸು ಬರುವಾಗ ಮುನಿಶಾಮಯ್ಯ ಅವನ ಮೂಗಿನ ದನಿಯನ್ನೇ ತೆಗೆದು, "ನಮ್ಮ ಉಪಕರಣ ಪರ್ಫೆಕ್ಟು, ನಮ್ಮ ಪದ್ಧತಿ ಪರ್ಫೆಕ್ಟು, ತಪ್ಪೆಲ್ಲಾ ಮನುಷ್ಯನದು," ಎಂದ. ಡ್ರೈವರು ಗೇರು ತಪ್ಪಿಸಿದ.

"ನಗಬೇಡ್ರಿ, ರಸ್ತೆ ನೋಡಿ," ಎಂದರು ನಟರಾಜು. ಅವರೂ ನಗುತ್ತಿದ್ದರು.

ಲಿಂಗಯ್ಯ ಸಿಕ್ಕಿದ್ದು ಆಸ್ಪತ್ರೆಯ ಹೊರಗಿನ ಕಲ್ಲುಬೆಂಚಿನ ಮೇಲೆ. ತಿಮ್ಮಯ್ಯನನ್ನು ಹೊತ್ತು ಕಾರ್ಖಾನೆಯ ವ್ಯಾನಿಗೆ ಹಾಕಿದವನೇ ಅವನು. ಅಂಗಿಯ ರಕ್ತ ಒಣಗಿ ಗರಿಯಾಗಿತ್ತು. ಐದೂವರೆಗೆ ಬಂಧನ ದಾಖಲಾಯಿತು. ಶುಕ್ರವಾರ ಐದೂವರೆಯೊಳಗೆ ಅವನನ್ನು ಕನಕಪುರದ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕಿತ್ತು. ಆಮೇಲೆ ಜೈಲು.

ಅವನು ಹೇಳಿದ್ದು ಒಂದೇ ಮಾತು: ನಾನು ಹೊಡೆದಿಲ್ಲ, ಸ್ಪ್ಯಾನರು ಮುರಿಯಿತು. ಇಡಿಯಾಗಿದ್ದ ಸ್ಪ್ಯಾನರನ್ನು ಕಣ್ಣೆದುರು ಇಟ್ಟುಕೊಂಡು ಆ ಮಾತನ್ನು ನಂಬುವುದು ಕಷ್ಟವಾಗಿತ್ತು.

ಶುಕ್ರವಾರ ಬೆಳಿಗ್ಗೆ ಎಂಟಕ್ಕೆ ನಟರಾಜು ಮತ್ತೆ ಅವನನ್ನು ಕೂರಿಸಿಕೊಂಡರು.

"ಎಷ್ಟು ಪೆಟ್ಟು ಹಾಕಿದ್ದೆ?"

"ಎಣಿಸ್ಲಿಲ್ಲ ಸಾ. ಹತ್ತೋ ಹನ್ನೆರಡೋ."

"ಮುರಿಯೋ ಮುಂಚೆ ಏನಾಯ್ತು?"

"ಠಣ್ ಠಣ್ ಅಂತಿದ್ದುದು ಒಂದೇಟ್ಗೆ ಡಬ್ ಅಂತು. ಒಡೆದ ಮಡಕೆ ಬಡಿದಂಗೆ. ಎಲ್ಲೋ ಸೀಳು ಬುಟ್ಟೈತೆ ಅಂತ ನಂಗೆ ಗೊತ್ತಾಯ್ತು ಸಾ. ಆವಾಗ ನಿಲ್ಲಿಸಿ, ತಿಮ್ಮ, ಒಸಿ ನೋಡ್ಲಾ ಅನ್ಬೇಕಿತ್ತು."

"ಯಾಕೆ ಅನ್ನಲಿಲ್ಲ?"

"ಮಾತು ಬುಟ್ಟಿದ್ವಲ್ಲ. ಮೊದ್ಲು ನಾನ್ಯಾಕೆ ಆಡ್ಲಿ ಅನ್ನಿಸ್ತು. ಅಷ್ಟ್ರಲ್ಲಿ ಕೈ ಇನ್ನೊಂದೇಟು ಹಾಕ್ಬುಡ್ತು."

ಅವನನ್ನು ಒಳಗೆ ಕಳಿಸಿದ ಮೇಲೆ ಮುನಿಶಾಮಯ್ಯ ತಮಾಷೆ ಮಾಡಲಿಲ್ಲ. ಸುಳ್ಳು ಕಟ್ಟುವವನು ತನ್ನ ತಲೆಗೇ ತಪ್ಪು ಕಟ್ಟಿಕೊಳ್ಳುತ್ತಾನೆಯೇ ಎಂದು ನಟರಾಜು ಕೇಳಿದರು. ಇಪ್ಪತ್ತಾರು ವರ್ಷದ ಸರ್ವೀಸಿನಲ್ಲಿ ಅಂಥವನನ್ನು ಕಂಡಿಲ್ಲವೆಂದ ಮುನಿಶಾಮಯ್ಯ.

ಒಂಬತ್ತೂವರೆಗೆ ಅವರು ಕನಕಪುರದ ಆಸ್ಪತ್ರೆಯಲ್ಲಿದ್ದರು. ತಿಮ್ಮಯ್ಯನ ದವಡೆಗೆ ತಂತಿ ಹಾಕಿ ಮಲಗಿಸಿದ್ದರು. ಕಣ್ಣು ಉಳಿದಿತ್ತು, ಹೇಳಿಕೆ ಪಡೆಯಲು ವೈದ್ಯರು ಬಿಡಲಿಲ್ಲ. ಬದಲಿಗೆ ಒಂದು ಔಷಧಿ ಬಾಟಲಿ ಕೊಟ್ಟರು. ಒಳಗೆ ಹುಣಿಸೆಬೀಜದಷ್ಟು ದೊಡ್ಡ ಉಕ್ಕಿನ ಚೂರು. ಅದನ್ನು ಕೆನ್ನೆಯ ಮೂಳೆಯಿಂದ ಕಿತ್ತಿದ್ದರು. ಸಮ್ಮಟಿಗೆ ಬಿದ್ದಿದ್ದರೆ ಮುಖ ಜಜ್ಜಿಹೋಗುತ್ತಿತ್ತು, ಇದು ಹಾರಿಬಂದು ನೆಟ್ಟ ಗಾಯ, ದವಡೆಗೂ ಏನೋ ಹಾರಿಬಂದು ಬಡಿದಿದೆ ಎಂದರು ವೈದ್ಯರು.

ಸಮ್ಮಟಿಗೆಯಲ್ಲಿ ಚೂರು ಕಿತ್ತ ಗುರುತಿರಲಿಲ್ಲ. ಸ್ಪ್ಯಾನರಿನಲ್ಲೂ ಇರಲಿಲ್ಲ.

"ಕೇಸಲ್ಲಿ ನಟ್ಟು ಐತೆ, ಬೋಲ್ಟು ಐತೆ, ನಟರಾಜು ಸಾಹೇಬ್ರೂ ಅವ್ರೆ," ಎಂದ ಮುನಿಶಾಮಯ್ಯ. "ಬಿಗಿ ಮಾತ್ರ ಸಿಗ್ತಿಲ್ಲ."

"ಬಿಗಿ ಗೊತ್ತಿರೋರನ್ನ ಕೇಳೋಣ ನಡೀರಿ."

ಕಾರ್ಖಾನೆಯ ನಿರ್ವಹಣಾ ವಿಭಾಗಕ್ಕೆ ಎಂಜಿನಿಯರ್ ಆಗಿ ಬಂದು ಶ್ರುತಿಗೆ ಎಂಟು ತಿಂಗಳಾಗಿತ್ತು. ಗುರುವಾರ ಅವರು ರಜೆಯಲ್ಲಿದ್ದರು. ಹನ್ನೊಂದೂಕಾಲಿಗೆ ಇಬ್ಬರು ಪಂಚರ ಎದುರು ಮುದ್ರೆ ಒಡೆದು ಸ್ಪ್ಯಾನರನ್ನು ಮೇಜಿನ ಮೇಲಿಟ್ಟಾಗ ಅವರು ಮೊದಲು ಮುಟ್ಟಿದ್ದು ಹಿಡಿಯ ತುದಿಯ ದಿಮ್ಮಿಯನ್ನು.

"ಇಲ್ಲಿ ಗ್ರೀಸ್ ಹಚ್ಚಿದ್ದು ಯಾರು ಸರ್? ಸಮ್ಮಟಿಗೆ ಬೀಳೋ ಜಾಗ ಇದು. ಜಾರಿದ್ರೆ ಬಡಿಯೋನ ಕಾಲೇ ಹೋಗುತ್ತೆ. ನಮ್ಮ ಫಿಟ್ಟರ್‌ಗಳು ಇಲ್ಲಿಗೆ ಗ್ರೀಸ್ ಸೋಕಿಸಲ್ಲ, ಒರೆಸಿ ಬಡೀತಾರೆ."

ಮುನಿಶಾಮಯ್ಯ ಪಂಚರಿಗೆ ಕಾಣುವಂತೆ ಸೀಮೆಎಣ್ಣೆಯ ಬಟ್ಟೆಯಿಂದ ಮೆಲ್ಲಗೆ ಒರೆಸಿದ. ಗ್ರೀಸು ಹೋಯಿತು. ಅಡಿಯಲ್ಲಿ ಕಪ್ಪು ಬಣ್ಣ ಒಂದು ಗೀರೂ ಇಲ್ಲದೆ ಹೊಳೆಯಿತು. ಅದರ ನಟ್ಟನಡುವೆ ಒಣಗಿದ ಗಂಧದ ಮೇಲೆ ಕುಂಕುಮದ ಬೊಟ್ಟು.

ಆಯುಧಪೂಜೆ ಮುಗಿದು ಇಪ್ಪತ್ತೇಳು ದಿನವಾಗಿತ್ತು. ಅವತ್ತು ಇಟ್ಟ ಬೊಟ್ಟು ಹನ್ನೆರಡು ಸಮ್ಮಟಿಗೆ ಏಟು ತಿಂದು ಉಳಿಯುವ ವಸ್ತುವಲ್ಲ.

ನಟರಾಜು ಕೇಳಿದ್ದಕ್ಕೆ ಶ್ರುತಿ ವಿವರಿಸಿದರು. 75ರ ಅಳತೆಯವು ಎರಡಿದ್ದವು. ಹಳೆಯದರ ಬಳೆಯಲ್ಲಿ ಕೂದಲೆಳೆಯಷ್ಟು ಬಿರುಕು ಕಂಡು ಆಗಸ್ಟಿನಲ್ಲೇ ಅದಕ್ಕೆ ಕೆಂಪು ಬಣ್ಣ ಬಳಿದು, ಕತ್ತರಿಸಿ ಗುಜರಿಗೆ ಹಾಕಲು ಹೇಳಿದ್ದರು. ಇಂಥ ಸ್ಪ್ಯಾನರು ನಟ್ಟಿಗೆ ಸರಿ ಕೂರುವ ಅಳತೆಯದೇ ಆಗಬೇಕು; ಒಂದು ನಂಬರು ದೊಡ್ಡದಾದರೂ ಸಂದಿಗೆ ತಗಡು ತುರುಕಬಾರದು. ಹಿಡಿಗೆ ಪೈಪು ಸಿಕ್ಕಿಸಬಾರದು. ಹಿಡಿಯುವವನು ಕೈಯಿಂದಲ್ಲ, ಹಗ್ಗ ಕಟ್ಟಿ ದೂರದಿಂದ ಹಿಡಿಯಬೇಕು, ಕಣ್ಣಿಗೆ ಕನ್ನಡಕ ಇರಬೇಕು.

"ಹಗ್ಗ ಇತ್ತು. ಕನ್ನಡಕ ಇರಲಿಲ್ಲ," ಎಂದರು ನಟರಾಜು. "ಬಿರುಕು ಬಿಟ್ಟರೆ ಬೆಸುಗೆ ಹಾಕಬಹುದಾ?"

"ಅಯ್ಯೋ, ಅದನ್ನಂತೂ ಮಾಡ್ಲೇಬಾರದು. ಬೆಸುಗೆ ಗಟ್ಟಿಯಾಗೇ ನಿಲ್ಲುತ್ತೆ ಸರ್. ಆ ಶಾಖಕ್ಕೆ ಪಕ್ಕದ ಉಕ್ಕು ಗಾಜಿನ ಥರ ಆಗುತ್ತೆ. ಮುರಿಯೋದು ಅದು."

ಹಳೆಯದನ್ನು ಕತ್ತರಿಸಲು ಕೊಟ್ಟಿದ್ದು ಯಾರಿಗೆ? ಗವಿಸಿದ್ದಯ್ಯನವರಿಗೆ. ಅವರೆಲ್ಲಿ? ಮೈ ಸರಿಯಿಲ್ಲವೆಂದು ಈ ದಿನ ಬಂದಿಲ್ಲ. ಊರು ಮರಳವಾಡಿ.

ಒಂದೂ ಮುಕ್ಕಾಲಿಗೆ ಜೀಪು ಅವರ ಮನೆಯ ಮುಂದೆ ನಿಂತಿತು. ಹೆಂಡತಿ ಸುಂದರಮ್ಮ ಮಜ್ಜಿಗೆ ತರಲು ಒಳಗೆ ಹೋದರು. ಪೊಲೀಸರು ಯಾಕೆ ಬಂದರೆಂದು ಕೇಳುವುದಕ್ಕಿಂತ ಮೊದಲು ಅದು ಅವರಿಗೆ ತೋಚಿತ್ತು. ಗವಿಸಿದ್ದಯ್ಯ ಹಿತ್ತಲ ಚಪ್ಪರದಲ್ಲಿದ್ದರು. ಚಪ್ಪರದ ತುಂಬ ಊರವರ ಮುರಿದ ಸಾಮಾನು: ನೇಗಿಲ ಕುಳ, ಗುದ್ದಲಿ, ಸೈಕಲ್ಲಿನ ಚೌಕಟ್ಟು, ನೂಲು ಬಿಚ್ಚುವ ಚರಕದ ಚಕ್ರ. ಕೆಲವು ಬೆಸೆದು ಮುಗಿದಿದ್ದವು, ಕೆಲವು ಸರದಿ ಕಾಯುತ್ತಿದ್ದವು.

ಬೆಂಚಿನ ಮೇಲೆ ಎರಡು ತುಂಡಾದ ಸ್ಪ್ಯಾನರು, ತೊಳೆದು, ಮುರಿದ ಅಂಚುಗಳನ್ನು ಎದುರುಬದುರು ಜೋಡಿಸಿ ಇಟ್ಟಿತ್ತು. ನಡುವೆ ಹುಣಿಸೆಬೀಜದಷ್ಟು ಜಾಗ ಖಾಲಿ. ಅವರು ಬಚ್ಚಿಡಲು ಹೋಗಲಿಲ್ಲ.

ನಟರಾಜು ಬಾಟಲಿಯ ಚೂರನ್ನು ಇಕ್ಕಳದಲ್ಲಿ ಹಿಡಿದು ಖಾಲಿ ಜಾಗದ ಮೇಲೆ ತಂದರು. ಅದು ಕೂತಿತು.

"ಬೆಸುಗೆ ಬುಟ್ಟಿಲ್ಲ ಸ್ವಾಮಿ," ಎಂದರು ಗವಿಸಿದ್ದಯ್ಯ. "ನೋಡಿ, ಹಂಗೇ ಐತೆ. ಬೆಳಗಿಂದ ನೋಡ್ತಾ ಇವ್ನಿ. ಪಕ್ಕದ್ದು ಯಾಕೆ ಹೋಯ್ತು ಅಂತ ಗೊತ್ತಾಗ್ತಿಲ್ಲ."

ಮುನಿಶಾಮಯ್ಯ ಶ್ರುತಿ ಹೇಳಿದ್ದನ್ನು ಹೇಳಿದ. ಯಾರ ದನಿಯನ್ನೂ ತೆಗೆಯದೆ, ತನ್ನದೇ ದನಿಯಲ್ಲಿ ಹೇಳಿದ. ಗವಿಸಿದ್ದಯ್ಯ ಕಣ್ಣು ಮುಚ್ಚಿ ಕೇಳಿಸಿಕೊಂಡು, ಬೆಂಚಿನ ತುದಿ ಹಿಡಿದು ಕೂತರು.

ಹೇಳಿಕೆ ಬರೆಯಲು ಮುಕ್ಕಾಲು ಗಂಟೆ ಹಿಡಿಯಿತು. ಕತ್ತರಿಸಲು ಕೊಟ್ಟ ಸ್ಪ್ಯಾನರನ್ನು ಅವರು ಕತ್ತರಿಸಿರಲಿಲ್ಲ. ಕೆಂಪು ಬಣ್ಣ ಕೆರೆದು, ಬಿರುಕಿಗೆ ಬೆಸುಗೆ ಹಾಕಿ, ಉಜ್ಜಿ, ಹೊಸದರ ಪಕ್ಕದಲ್ಲೇ ಇಟ್ಟಿದ್ದರು. ಮೊನ್ನೆ ಮೊನ್ನೆ ಓದಿ ಬಂದ ಹುಡುಗಿ ಸತ್ತಿತೆಂದು ಬದಿಗಿಟ್ಟ ಸ್ಪ್ಯಾನರನ್ನು ಬದುಕಿಸಿ ತೋರಿಸಬೇಕೆಂಬ ಆಸೆ ಇತ್ತು, ಅದನ್ನೂ ಬರೆಸಿದರು. ಗುರುವಾರ ತಿಮ್ಮಯ್ಯ ಬಂದು ಕೇಳಿದಾಗ ಪೂಜೆಯಾದ ಹೊಸದನ್ನು ಬಿಟ್ಟು ಬೇಕೆಂದೇ ಬೆಸೆದದ್ದನ್ನು ಕೊಟ್ಟರು. ಕೂಗು ಕೇಳಿ ಓಡಿದಾಗ ಲಿಂಗಯ್ಯ ಗಾಯಾಳುವನ್ನು ಹೊತ್ತು ಹೊರಗೆ ಹೋಗುತ್ತಿದ್ದ. ಟೀಗೆ ಹೋದವರು ಬರುವ ಮೊದಲು ತುಂಡುಗಳನ್ನು ಆಯ್ದುಕೊಂಡು, ಹೊಸದಕ್ಕೆ ಗ್ರೀಸು ಬಳಿದು ಆ ಜಾಗದಲ್ಲಿ ಹಾಕಿದರು.

"ಬೊಟ್ಟು ಯಾಕೆ ಒರೆಸಲಿಲ್ಲ?"

"ದೇವರಿಗೆ ಇಟ್ಟಿದ್ದು ಸ್ವಾಮಿ. ಒರೆಸಕ್ಕೆ ಕೈ ಬರ್ಲಿಲ್ಲ. ಮುಚ್ಚಿದೆ."

"ಲಿಂಗಯ್ಯನ ಮೇಲೆ ಬರುತ್ತೆ ಅಂತ ಗೊತ್ತಿರಲಿಲ್ವಾ?"

"ಗೊತ್ತಾಯ್ತು. ನೆನ್ನೆ ಸಂಜೆ ಟೇಸನ್ ಗಂಟ ಬಂದಿದ್ದೆ. ಎದುರುಗಡೆ ಬಸ್‌ಸ್ಟಾಪಲ್ಲಿ ಕೂತೆ. ನನ್ ಕೈಲಿ ಮುರೀತು ಅಂತ ಹೇಳ್ಬೇಕಲ್ಲ, ಅದನ್ನ ಬಾಯಲ್ಲಿ ಒಂದೆರಡು ಸತಿ ಅಂದು ನೋಡ್ದೆ. ಅಷ್ಟ್ರಲ್ಲಿ ನಮ್ಮೂರ್ ಬಸ್ ಬಂತು. ಹತ್ಬುಟ್ಟೆ."

ಮಧ್ಯಾಹ್ನ 2 ಗಂಟೆ 50 ನಿಮಿಷಕ್ಕೆ ಬಂಧನ. ಕಲಂ 338, ನಿರ್ಲಕ್ಷ್ಯದಿಂದ ತೀವ್ರ ಗಾಯ. ಕಲಂ 201, ಸಾಕ್ಷ್ಯನಾಶ. ಕನ್ನಡಕ ಕೊಡದೆ ಕೆಲಸಕ್ಕೆ ಇಳಿಸಿದ ಬಗ್ಗೆ ಕಾರ್ಖಾನೆಗಳ ಇಲಾಖೆಗೆ ಬೇರೆಯೇ ವರದಿ ಹೋಗಬೇಕೆಂದು ನಟರಾಜು ಗುರುತು ಹಾಕಿಕೊಂಡರು. ಮೊಬೈಲಿನಲ್ಲಿ ಠಾಣೆಗೆ ಮಾತಾಡಿ, ಲಿಂಗಯ್ಯನಿಂದ ಬಾಂಡು ಬರೆಸಿಕೊಂಡು ಬಿಡಲು ಹೇಳಿದರು. ಬಿಟ್ಟೊಡನೆ ಎಲ್ಲಿಗೆ ಹೋಗುತ್ತೀ ಎಂದು ಅಲ್ಲಿನವರು ಕೇಳಿದರಂತೆ. ಆಸ್ಪತ್ರೆಗೆ, ಒಂದು ಮಾತು ಬಾಕಿ ಐತೆ ಎಂದನಂತೆ.

ಸುಂದರಮ್ಮ ಗಂಡನ ಹೆಗಲಿಗೆ ಟವೆಲು ಹಾಕಿದರು. ಜೀಪಿನ ಹತ್ತಿರ ಬಂದಾಗ ಎದುರು ಬೀದಿಯಿಂದ ವರಲಕ್ಷ್ಮಮ್ಮ ಎಂಬ ಮುದುಕಿ ಅಲಗಿನ ಬುಡ ಮುರಿದ ಕುಡುಗೋಲು ಹಿಡಿದುಕೊಂಡು ಬರುತ್ತಿದ್ದಳು. ಪೊಲೀಸರನ್ನು ಅವಳು ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ.

"ಅಯ್ನೋರೆ, ನಾಳಿಕ್ಕೆ ರಾಗಿ ಕುಯ್ಬೇಕು. ಇದೊಸಿ ಬೆಸ್ದು ಕೊಟ್ಬುಡಿ."

ಗವಿಸಿದ್ದಯ್ಯನವರ ಬಲಗೈ ತಾನಾಗಿ ಮುಂದೆ ಹೋಯಿತು. ಆ ಕೈಯೊಳಗೆ ಸಾಮಾನು ಇಟ್ಟು ಇಲ್ಲ ಎನ್ನಿಸಿಕೊಂಡವರು ಮರಳವಾಡಿಯಲ್ಲಿ ಯಾರೂ ಇರಲಿಲ್ಲ. ಮುನಿಶಾಮಯ್ಯ ತಡೆಯಲಿಲ್ಲ. ಅವರು ಕುಡುಗೋಲನ್ನು ತಿರುಗಿಸಿ, ಮುರಿದ ಜಾಗವನ್ನು ಹೆಬ್ಬೆರಳಿನಿಂದ ಸವರಿ, ಅವಳಿಗೇ ವಾಪಸು ಕೊಟ್ಟರು.

"ಆಗಕಿಲ್ಲ ಕಣವ್ವ," ಎಂದರು. "ಹೊಸದು ತಗೋ."