ರೀಸ್ಟಾರ್ಟ್ ಒತ್ತುವ ಮುನ್ನ

"ಕಿವಿ ರಿಪೇರಿ ಮಾಡ್ತೀರಾ?"

ಭೂತಗನ್ನಡಿಯ ಕೆಳಗೆ ಯಾರದೋ ಫೋನಿನ ಹೊಟ್ಟೆ ಬಗೆದು ಕೂತಿದ್ದವನು ತಲೆ ಎತ್ತಿದ. ಕೌಂಟರಿನ ಆಚೆ ಒಬ್ಬ ಹುಡುಗಿ. ಬೆರಳ ತುದಿಯಲ್ಲಿ ಒಣಗಿದ ಅಂಟು, ಕೆನ್ನೆಗೆ ಹತ್ತಿದ ಕಾಗದದ ಚೂರು, ಮೂಗಿನ ತುದಿಯಲ್ಲಿ ಕೋಪ.

"ಇದು ಫೋನ್ ರಿಪೇರಿ ಅಂಗಡಿ..."

"ಬೋರ್ಡು ಓದೋಕೆ ಬರತ್ತೆ ನನಗೆ. ಇದೇ ನಮ್ಮಜ್ಜಿ ಕಿವಿ!" ಅವಳು ಒಂದು ಫೋನನ್ನೂ ಅದಕ್ಕೆ ಸುತ್ತಿದ ದಪ್ಪ ಹೆಡ್‌ಫೋನನ್ನೂ ಟಪ್ಪನೆ ಮುಂದಿಟ್ಟಳು. "ಮೂರು ಅಂಗಡಿ ಸುತ್ತಿ ಬಂದೆ. ಮೂವರೂ ನಕ್ಕರು. ನೀವೂ ನಗೋದಾದ್ರೆ ಈಗ್ಲೇ ನಕ್ಬಿಡಿ, ನಾನು ಹೊರಡ್ತೀನಿ."

ಅವನು ನಗಲಿಲ್ಲ. ಕಾಲಿನಿಂದ ಸ್ಟೂಲನ್ನು ಮುಂದಕ್ಕೆ ತಳ್ಳಿದ.

"ಕೂತ್ಕೊಳ್ಳಿ. ಹೇಳಿ."

ಅವಳು ಕೂತಳು. ಹೇಳಿದಳು. ಅಜ್ಜಿ ನಲವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೂತು, ಊರವರ ಕರೆಗಳಿಗೆ ಲೈನ್ ಜೋಡಿಸಿಕೊಟ್ಟವಳು. ಈಗ ತೆಳ್ಳಗಿನ ಸದ್ದು ಯಾವುದೂ ಆ ಕಿವಿಗೆ ಬೀಳುವುದಿಲ್ಲ. ವೈದ್ಯರು ಕೊಟ್ಟ ಕಿವಿಯಂತ್ರಗಳು ಮೂರೂ ಮೇಜಿನ ಖಾನೆಯಲ್ಲಿವೆ. 'ಕಿವಿಯೊಳಗೆ ಹುಳ ಹೊಕ್ಕ ಹಾಗಾಗತ್ತೆ' ಎಂದು ಅಜ್ಜಿಯ ಹಠ. ಆದರೆ ಹೆಡ್‌ಫೋನ್ ಅಂದರೆ ಪ್ರಾಣ. ಅದಕ್ಕೇ ಮೇಜಿನ ಮೇಲೆ ಫೋನ್ ಇಟ್ಟು, ಅದರ ಮೈಕ್ ಹಿಡಿದ ಮಾತನ್ನು ಹೆಡ್‌ಫೋನಿಗೆ ಕಳಿಸುವ ಆ್ಯಪನ್ನು ಮೊಮ್ಮಗಳೇ ಹಾಕಿಕೊಟ್ಟಿದ್ದಾಳೆ. ಆದರೆ ಫೋನ್ ಒಂದು ಮಟ್ಟಕ್ಕೆ ಬಂದು 'ಇನ್ನು ಏರಿಸಲಾರೆ' ಎಂದು ಮೊಂಡು ಹಿಡಿಯುತ್ತದೆ.

"ಡಾಕ್ಟರು ಕೊಟ್ಟ ಕಿವಿ ಪರೀಕ್ಷೆಯ ಹಾಳೆ ಇದೆಯಾ?" ಅವನು ಕೇಳಿದ. "ಯಾವ ಸದ್ದು ಎಷ್ಟು ಏರಿಸಬೇಕು, ಎಲ್ಲಿ ನಿಲ್ಲಿಸಬೇಕು ಅಂತ ಗೊತ್ತಾಗ್ಬೇಕಲ್ವಾ? ಸುಮ್ನೆ ಏರಿಸಿದ್ರೆ ಇರೋ ಕಿವೀನೂ ಹೋಗತ್ತೆ."

ಅವಳ ಕೋಪ ಸರ್ರನೆ ಇಳಿಯಿತು. ಇದನ್ನು ಇದುವರೆಗೆ ಯಾರೂ ಕೇಳಿರಲಿಲ್ಲ!

"ಈ ಫೋನನ್ನ ರೂಟ್ ಮಾಡ್ಬೇಕು," ಎಂದ ಅವನು.

"ಯಾಕೆ?"

"ಬಾಡಿಗೆ ಮನೇಲಿ ಒಂದು ಮೊಳೆ ಹೊಡೆಯೋಕೂ ಮಾಲೀಕರನ್ನ ಕೇಳ್ಬೇಕು. ರೂಟ್ ಅಂದ್ರೆ ಮನೆ ನಿಮ್ಮದೇ ಆದ ಹಾಗೆ. ಆಗ ಸದ್ದಿನ ಮಿತೀನ ನಾವೇ ಇಡಬಹುದು. ಆದ್ರೆ ಮೊದಲ ಸಲ ಬೀಗ ಒಡೆಯುವಾಗ ಒಳಗಿರೋದೆಲ್ಲ ಅಳಿಸಿಹೋಗತ್ತೆ. ಫೋಟೊ ಗೀಟೊ ತೆಗೆದಿಟ್ಕೊಳ್ಳಿ."

"ಯಾಕೆ ಅಳಿಸಿಹೋಗತ್ತೆ?"

"ಕಳ್ಳರು ಬೀಗ ಒಡೆದ್ರೆ ಅವರಿಗೆ ಏನೂ ಸಿಗಬಾರದಲ್ವಾ, ಅದಕ್ಕೆ."

"ಓಹ್..." ಅವಳ ಕಣ್ಣು ಅರಳಿತು. ಮನೆಯಲ್ಲಿ ಅವಳ ಅಡ್ಡಹೆಸರೇ 'ಯಾಕಮ್ಮ'. ಎರಡನೇ ವಯಸ್ಸಿನಲ್ಲಿ ಶುರುವಾದ 'ಯಾಕೆ' ಇಪ್ಪತ್ತಾರಾದರೂ ನಿಂತಿರಲಿಲ್ಲ. ಪುಸ್ತಕ ಬೈಂಡ್ ಮಾಡುವ ಕೆಲಸದಲ್ಲೂ ಅಷ್ಟೆ... ಹೊಲಿಗೆ ಬಿಚ್ಚಿದ ಪುಸ್ತಕ ಬಂದರೆ ಹೊಲಿಯುವ ಮೊದಲು ಅದು ಯಾಕೆ ಬಿಚ್ಚಿತು ಎಂದು ನೋಡುತ್ತಾ ಕೂರುವವಳು.

ಎರಡು ದಿನದ ಮೇಲೆ ಅವನೇ ಮನೆಗೆ ಬಂದ. ಮನೆಯ ಕೋಣೆಯಲ್ಲೇ ಸದ್ದು ಹೊಂದಿಸಬೇಕು ಎಂದ. ಅಜ್ಜಿ ಹೆಡ್‌ಫೋನ್ ಹಾಕಿಕೊಂಡಳು. ಅವನು ಒಂದೊಂದೇ ಗೆರೆ ಏರಿಸುತ್ತಾ ಹೋದ. ಮೊಮ್ಮಗಳು ಚಹಾ ಕಲಕುತ್ತಿದ್ದಳು.

ಅಜ್ಜಿ ಬೆಚ್ಚಿ ತಿರುಗಿದಳು.

"ಅದು... ಚಮಚದ ಸದ್ದಾ?!"

"ಹೌದಜ್ಜಿ! ಕೇಳಿಸ್ತಾ?"

ಅಜ್ಜಿ ಹೆಡ್‌ಫೋನನ್ನು ಎರಡೂ ಕೈಯಿಂದ ಒತ್ತಿಹಿಡಿದಳು. "ನಿನ್ನ ದನಿ ಇಷ್ಟು ತೆಳ್ಳಗಿತ್ತೇನೇ? ನಾನು ಮರೆತೇಬಿಟ್ಟಿದ್ದೆ ಕಣೇ..."

ಮೊಮ್ಮಗಳು ಅಡುಗೆಮನೆಗೆ ಓಡಿಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು. ವಾಪಸು ಬಂದಾಗ ಅವನೂ ಅಜ್ಜಿಯೂ ತಲೆಗೆ ತಲೆ ಹಚ್ಚಿ ಏನೋ ಗುಸುಗುಸು ನಡೆಸಿದ್ದರು. ಅವಳನ್ನು ಕಂಡು ಅಜ್ಜಿ ಕನ್ನಡಕದ ಡಬ್ಬಿಯನ್ನು ಪಟ್ಟನೆ ಮುಚ್ಚಿದಳು. ಆ ಖುಷಿಯಲ್ಲಿ ಅವಳು ಅದನ್ನು ಗಮನಿಸಲಿಲ್ಲ. ಯಾಕಮ್ಮನಿಗೆ ಜೀವನದಲ್ಲಿ 'ಯಾಕೆ' ಎಂಬುದೇ ಹೊಳೆಯದೆ ಹೋದದ್ದು ಅದೊಂದೇ ಸಲ!

*

ತಿಂಗಳು ಕಳೆಯಿತು. ಫೋನಿಗೆ ಅಪ್‌ಡೇಟ್ ಬಂತು. ರೂಟ್ ಹೋಯಿತು. ಅಜ್ಜಿಯ ಲೋಕ ಮತ್ತೆ ಮೌನವಾಯಿತು.

"ಅಪ್‌ಡೇಟೇ ಬೇಡ ಅಂತ ನಿಲ್ಲಿಸಿಬಿಡಬಹುದಲ್ವಾ?" ಅಂಗಡಿಯ ಸ್ಟೂಲಿನ ಮೇಲೆ ಕೂತು ಕೇಳಿದಳು.

"ಮನೆ ಬೀಗ ನಾವೇ ಒಡೆದಿದ್ದೀವಿ. ಇನ್ನು ಕಿಟಕೀನೂ ತೆರೆದಿಡೋದಾ? ರೂಟ್ ಆದ ಫೋನಿಗೇ ಅಪ್‌ಡೇಟ್ ಜಾಸ್ತಿ ಬೇಕು." ಹೇಳುತ್ತಾ ಹೇಳುತ್ತಾ ಅವನು ಅವಳನ್ನೊಮ್ಮೆ ನೋಡಿ, ಏನೋ ಗುಟ್ಟು ಗೊತ್ತಿರುವವನಂತೆ ನಕ್ಕ. ಯಾಕೆ ನಕ್ಕ? ದಾರಿಯುದ್ದಕ್ಕೂ ಅವಳ ತಲೆಯಲ್ಲಿ ಅದೇ ಹುಳ.

ಎರಡನೇ ತಿಂಗಳೂ ಅದೇ ಕಥೆ. ಮೂರನೇ ತಿಂಗಳೂ. ನಾಲ್ಕನೆಯದೂ. ಅವನು ಕಂಪ್ಯೂಟರಿಗೆ ಫೋನ್ ಸಿಕ್ಕಿಸಿ ಹೊಸದಾಗಿ ರೂಟ್ ಮಾಡಲು ಒಂದು ಗಂಟೆ. ಆ ಒಂದು ಗಂಟೆ ಅವಳ ಪ್ರಶ್ನೆಗಳಿಗೆ ಮೀಸಲು. ಬಿಡಿಬಿಡಿಯಾಗಿ ಬಿದ್ದಿದ್ದ ಅವನ ಸರ್ಕ್ಯೂಟ್ ನಕ್ಷೆಗಳನ್ನು ಅವಳು ಒಯ್ದು, ನೀಲಿ ಬಟ್ಟೆಯ ರಟ್ಟು ಹಾಕಿ ಹೊಲಿದು ತಂದುಕೊಟ್ಟಳು. ಅವನು ಆ ಪುಸ್ತಕದ ಮೇಲೆ ಚಹಾ ಲೋಟ ಇಡಲು ಯಾರಿಗೂ ಬಿಡುತ್ತಿರಲಿಲ್ಲ.

ಅಪ್‌ಡೇಟ್ ಬಂದ ಬೆಳಿಗ್ಗೆ ಅವಳು ಎರಡೆರಡು ಸಲ ತಲೆ ಬಾಚಿಕೊಳ್ಳುತ್ತಿದ್ದಳು. ಕನ್ನಡಿಯಲ್ಲಿ ತನ್ನದೇ ಮುಖ ಕಂಡು ಬಾಚಣಿಗೆ ಕೆಳಗಿಡುತ್ತಿದ್ದಳು. 'ಛೆ! ಅಜ್ಜಿಗೆ ಕೇಳಿಸದ ದಿನ ನನಗೆ ಖುಷಿಯಾ? ನಾನೆಂಥಾ ಮೊಮ್ಮಗಳು!'

ಐದನೇ ತಿಂಗಳು ಫೋನ್ ಕೆಟ್ಟ ದಿನ, ಬೈಂಡಿಂಗ್ ಶೆಡ್ಡಿನಲ್ಲಿ ಅಂಟು ಒಣಗುವವರೆಗೆ ಅವಳು ಇಂಟರ್‌ನೆಟ್ಟಿನಲ್ಲಿ ಹುಡುಕುತ್ತಾ ಕೂತಳು. ಪ್ರತಿ ಸಲ ರೂಟ್ ಹೋಗುವುದು ಯಾಕೆ? ಯಾರೋ ಪುಣ್ಯಾತ್ಮರು ವಿವರವಾಗಿ ಬರೆದಿದ್ದರು. ಫೋನಿನಲ್ಲಿ ಜೋಡಿ ಕೋಣೆಗಳ ಹಾಗೆ ಎರಡು ಸ್ಲಾಟುಗಳಿರುತ್ತವೆ, ಒಂದರಲ್ಲಿ ಫೋನ್ ನಡೆಯುತ್ತಿರುವಾಗ ಅಪ್‌ಡೇಟ್ ಇನ್ನೊಂದರಲ್ಲಿ ಕೂರುತ್ತದೆ. ರೀಸ್ಟಾರ್ಟ್ ಒತ್ತುವ ಮುನ್ನ ಆ ಇನ್ನೊಂದು ಸ್ಲಾಟಿಗೂ ರೂಟ್ ಹಾಕಿಬಿಟ್ಟರೆ ಆಯಿತು. ರೂಟ್ ಹೋಗುವುದೇ ಇಲ್ಲ!

ಅವಳು ಮೂರು ಸಲ ಓದಿದಳು.

ಇಷ್ಟು ಸುಲಭವಾ? ಹಾಗಾದರೆ ಅವನಿಗೆ ಗೊತ್ತಿರಲಿಲ್ಲವಾ? ಗೊತ್ತಿದ್ದೂ... ಹೇಳಲಿಲ್ಲವಾ?

*

"ಈ ವಿಧಾನ ನಿಮಗೆ ಗೊತ್ತಿತ್ತಾ?" ಸ್ಟೂಲಿನ ಮೇಲೆ ಕೂರದೆ ಕೇಳಿದಳು.

"ಗೊತ್ತಿತ್ತು."

"ಯಾವಾಗಿಂದ?"

"ಮೊದಲಿಂದ. ಆದ್ರೆ ಅದು ನಿಮಗೂ..."

"ರೂಟ್ ಹೋದ ದಿನ ನಮ್ಮಜ್ಜಿ ಗೋಡೆ ನೋಡ್ಕೊಂಡು ಕೂತಿರ್ತಾಳೆ, ಗೊತ್ತಾ? ನಾನು ಬಾಗಿಲು ತೆಗೆದ್ರೂ ತಿರುಗಲ್ಲ! ಅದನ್ನ ತಪ್ಪಿಸೋ ದಾರಿ ಕೈಯಲ್ಲಿಟ್ಕೊಂಡು ಐದು ತಿಂಗಳು ಸುಮ್ನಿದ್ರಾ? ಯಾಕೆ?"

ಅವನ ಮುಖ ಇಂಗು ತಿಂದ ಮಂಗನಂತಾಯಿತು. "ಸುಮ್ನಿರಲಿಲ್ಲ. ನಿಮ್ಮನೆಗೆ ಬಂದ ದಿನಾನೇ ನಾಲ್ಕು ಹೆಜ್ಜೆ ಚೀಟೀಲಿ ಬರೆದು ಅಜ್ಜಿ ಕೈಗೆ ಕೊಟ್ಟಿದ್ದೆ. ಆಮೇಲೂ ನೀವು ಬರ್ತಾನೇ ಇದ್ರಿ. ಅದಕ್ಕೇ ನಾನು ಅಂದ್ಕೊಂಡೆ..."

"ಏನಂದ್ಕೊಂಡ್ರಿ?"

ಅವನು ನೀಲಿ ರಟ್ಟಿನ ಪುಸ್ತಕದ ಅಂಚು ಸವರಿದ. "ನೀವೇ ಬೇಕಂತ ರೀಸ್ಟಾರ್ಟ್ ಒತ್ತಿ ಬರ್ತಿದ್ದೀರಿ ಅಂತ."

"ಏನು?! ನಮ್ಮಜ್ಜೀನ ಕಿವುಡಿ ಮಾಡಿ ನಿಮ್ಮ ಮುಖ ನೋಡೋಕೆ ಬರ್ತೀನಾ ನಾನು?" ಅವಳ ಕಣ್ಣು ತುಂಬಿತು. ಆ ಎರಡು ಸಲ ತಲೆ ಬಾಚಿದ್ದು ನೆನಪಾಗಿ ಕೋಪ ಇನ್ನೂ ಹೆಚ್ಚಾಯಿತು. ಫೋನನ್ನು ಕಿತ್ತುಕೊಂಡು ಬಾಗಿಲಿಗೆ ನಡೆದಳು.

"ಒಂದೇ ಮಾತು!" ಅವನು ಎದ್ದು ನಿಂತಿದ್ದ. "ಮೊದಲನೇ ಹೆಜ್ಜೆ ಮಾಡದೆ ಆ ಫೋನ್ ಅಪ್‌ಡೇಟನ್ನ ಒಳಗೇ ಬಿಟ್ಕೊಳ್ಳಲ್ಲ. ಐದು ಸಲಾನೂ ಯಾರೋ ಅದನ್ನ ಮಾಡಿದ್ದಾರೆ. ನಾನಂತೂ ಅಲ್ಲ."

ಅವಳು ತಿರುಗಿ ನೋಡಲಿಲ್ಲ. ಆದರೆ ಬಸ್ ನಿಲ್ದಾಣಕ್ಕೆ ಬರುವಷ್ಟರಲ್ಲಿ ಕೋಪದ ಪಕ್ಕದಲ್ಲೇ ಹಳೆಯ ಹುಳ ತಲೆ ಎತ್ತಿತ್ತು. ಯಾರು? ಮನೆಯಲ್ಲಿರುವುದೇ ಇಬ್ಬರು. ಒಬ್ಬಳು ನಾನು...

*

ಅಜ್ಜಿ ಕಿಟಕಿಯ ಬಳಿ ಕೂತಿದ್ದಳು. ಮೊಮ್ಮಗಳು ಸ್ಲೇಟಿನಲ್ಲಿ ದಪ್ಪಗೆ ಬರೆದು ಮುಂದೆ ಹಿಡಿದಳು: 'ಅವರು ನಿನಗೆ ಚೀಟಿ ಕೊಟ್ಟಿದ್ದರಾ?'

ಅಜ್ಜಿ ಕನ್ನಡಕ ಹಾಕಿಕೊಂಡು ಓದಿದಳು. ಮತ್ತೆ ಕನ್ನಡಕ ತೆಗೆದಳು.

"ಅಕ್ಷರ ಸರಿಯಾಗಿ ಕಾಣ್ತಿಲ್ಲ ಕಣೇ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡರಂತೆ. ಅಜ್ಜಿಯ ಕೈ ತಾನಾಗಿ ಕನ್ನಡಕದ ಡಬ್ಬಿಯ ಮೇಲೆ ಹೋಯಿತು. ಮೊಮ್ಮಗಳು ಮೆಲ್ಲಗೆ ಅದನ್ನು ಬಿಡಿಸಿಕೊಂಡು ತೆರೆದಳು. ಒಳಗೆ ನಾಲ್ಕು ಮಡಿಕೆಯ ಚೀಟಿ. ಅವನ ಅಕ್ಷರ, ಅಜ್ಜಿಗೆ ಕಾಣಲೆಂದು ದಪ್ಪಗೆ ಬರೆದದ್ದು.

೧. ರೂಟ್ ಆ್ಯಪಿನಲ್ಲಿ 'ಮೂಲ ಸ್ಥಿತಿಗೆ ತರು' ಒತ್ತಿ.
೨. ಅಪ್‌ಡೇಟ್ ಹಾಕಿಕೊಳ್ಳಿ. ರೀಸ್ಟಾರ್ಟ್ ಕೇಳುತ್ತದೆ, ಒತ್ತಬೇಡಿ!
೩. ಮತ್ತೆ ರೂಟ್ ಆ್ಯಪಿಗೆ ಹೋಗಿ 'ಇನ್ನೊಂದು ಸ್ಲಾಟಿಗೆ ಹಾಕು' ಒತ್ತಿ.
೪. ಈಗ ರೀಸ್ಟಾರ್ಟ್ ಒತ್ತಿ.

ಎಕ್ಸ್‌ಚೇಂಜಿನಲ್ಲಿ ಕೊಟ್ಟ ಪ್ರತಿ ಲೈನಿಗೂ ಒಂದು ಟಿಕ್ ಹಾಕುತ್ತಿದ್ದ ಕೈ ಅದು, ಅಭ್ಯಾಸ ಬಿಡುತ್ತದೆಯೇ? ಒಂದನೆಯದರ ಪಕ್ಕ ಐದು ಟಿಕ್. ಎರಡನೆಯದಕ್ಕೂ ಐದು. ನಾಲ್ಕನೆಯದಕ್ಕೂ ಐದು.

ಮೂರನೆಯದರ ಪಕ್ಕ ಒಂದೂ ಇಲ್ಲ!

"ಯಾಕಜ್ಜೀ?"

ಆ ಪದಕ್ಕೆ ಸ್ಲೇಟು ಬೇಕಿರಲಿಲ್ಲ. ಇಪ್ಪತ್ತನಾಲ್ಕು ವರ್ಷದಿಂದ ಆ ತುಟಿಗಳಲ್ಲಿ ಅದನ್ನು ನೋಡುತ್ತಾ ಬಂದವಳು ಅಜ್ಜಿ.

"ನಲವತ್ತು ವರ್ಷ ಊರವರಿಗೆಲ್ಲ ಲೈನ್ ಕೊಟ್ಟಿದ್ದೀನಿ. ಯಾರ್ಯಾರಿಗೋ ಕೊಟ್ಟವಳು ನನ್ನ ಮೊಮ್ಮಗಳಿಗೊಂದು ಕೊಡಬಾರ್ದಾ?"

'ನಿನಗೆ ಕಿವಿ ಕೇಳಿಸ್ತಿರಲಿಲ್ಲವಲ್ಲ!' ಅವಳು ಗೀಚಿದಳು. ಬಳಪ ಮುರಿಯಿತು.

"ಒಂದು ದಿನ ತಾನೇ?" ಅಜ್ಜಿ ಅವಳ ಕೆನ್ನೆಗೆ ಹತ್ತಿದ್ದ ಕಾಗದದ ಚೂರನ್ನು ಬಿಡಿಸಿದಳು. "ಮೊದಲನೇ ಸಲ ನಿಜವಾಗ್ಲೂ ಮರೆತು ಒತ್ತಿದ್ದು ಕಣೇ, ಆಣೆಗೂ! ಅವತ್ತು ಫೋನ್ ಸರಿ ಮಾಡಿಸ್ಕೊಂಡು ಬಂದೆಯಲ್ಲ, ಸಂಜೆ ನೀನು ಪಾತ್ರೆ ತೊಳೀತಾ ಹಾಡ್ಕೋತಿದ್ದೆ. ನಿಮ್ಮಪ್ಪ ಅಮ್ಮ ಹೋದ ಮೇಲೆ ನೀನು ಹಾಡಿದ್ದು ನನ್ನ ಕಿವಿಗೆ ಬಿದ್ದಿರಲಿಲ್ಲ. ಅದನ್ನ ಕೇಳೋದಕ್ಕೆ ಒಂದು ದಿನ ಕಿವುಡಿಯಾಗಿದ್ರೆ ಏನಂತೆ ಅನ್ನಿಸ್ತು."

ಅವಳು ಅಜ್ಜಿಯ ಮಡಿಲಲ್ಲಿ ಮುಖ ಹುದುಗಿಸಿದಳು. ಎಷ್ಟು ಜೋರಾಗಿ ಅತ್ತರೂ ಆ ಹೊತ್ತು ಅಜ್ಜಿಗೆ ಕೇಳಿಸುವಂತಿರಲಿಲ್ಲ. ಆದರೂ ಅಜ್ಜಿಯ ಕೈ ಅವಳ ಬೆನ್ನು ತಟ್ಟುತ್ತಲೇ ಇತ್ತು.

*

ಮರುದಿನ ಚೀಟಿಯನ್ನು ಕೌಂಟರಿನ ಮೇಲಿಟ್ಟು ಅವಳು ತಲೆ ತಗ್ಗಿಸಿದಳು. "ತಪ್ಪಾಯ್ತು. ಬಾಯಿಗೆ ಬಂದ ಹಾಗೆ ಅಂದುಬಿಟ್ಟೆ."

ಅವನು ಟಿಕ್‌ಗಳನ್ನು ಎಣಿಸಿದ. ನಗು ಬಂತು. ಆಮೇಲೆ ಆ ನಗು ಮೆಲ್ಲಗೆ ಆರಿಹೋಯಿತು.

"ಅಜ್ಜಿನೇ ಕಳಿಸ್ತಿದ್ರು ಅಂತಾಯ್ತು. ಹಾಗಾದ್ರೆ... ನೀವಾಗಿ ಒಂದು ಸಲಾನೂ ಬಂದಿರಲಿಲ್ಲ."

ಅವಳಿಗೆ ಉತ್ತರ ಗೊತ್ತಿತ್ತು. ಬಾಯಿಗೆ ಬರಲಿಲ್ಲ. ಊರಿಗೆಲ್ಲ ಪ್ರಶ್ನೆ ಕೇಳುವವಳು ತನ್ನ ಸರದಿ ಬಂದಾಗ ಮೂಕಿ!

ಅವನು ಫೋನನ್ನು ಸರಿ ಮಾಡಿದ. ಮೂರನೇ ಹೆಜ್ಜೆಯನ್ನು ಅವಳ ಬೆರಳಿನಿಂದಲೇ ಎರಡು ಸಲ ತೋರಿಸಿದ. "ಕಲಿತ್ರಲ್ಲ. ಇನ್ನು ನೀವಿಲ್ಲಿಗೆ ಬರೋ ಅಗತ್ಯ ಇಲ್ಲ," ಎಂದು ಫೋನ್ ಕೊಟ್ಟವನು ಭೂತಗನ್ನಡಿಯ ಕೆಳಗೆ ತಲೆ ಬಗ್ಗಿಸಿದ.

ಆ ತಿಂಗಳು ಅವಳ ಹೊಲಿಗೆ ಎರಡು ಸಲ ತಪ್ಪಿತು. ಸಂಜೆ ಪಾತ್ರೆ ತೊಳೆಯುವಾಗ ನಲ್ಲಿಯ ಸದ್ದು ಬಿಟ್ಟರೆ ಅಜ್ಜಿಗೆ ಬೇರೇನೂ ಕೇಳಿಸಲಿಲ್ಲ.

ಅಪ್‌ಡೇಟ್ ಬಂತು. ಅಜ್ಜಿ ಸುಮ್ಮನೆ ಫೋನನ್ನು ಅವಳ ಮುಂದೆ ಸರಿಸಿದಳು. ಅವಳು ಒಂದನೆಯದು ಮಾಡಿದಳು. ಎರಡನೆಯದು ಮಾಡಿದಳು. ಪರದೆಯ ಮೇಲೆ 'ರೀಸ್ಟಾರ್ಟ್' ಬಂದು ನಿಂತಿತು. ಬೆರಳು ಅಲ್ಲೇ ತಡೆಯಿತು. ಒಂದೇ ಒಂದು ಸಲ ಒತ್ತಿಬಿಟ್ಟರೆ... ಇವತ್ತೇ ಆ ಅಂಗಡಿ, ಆ ಸ್ಟೂಲು, ಆ ಒಂದು ಗಂಟೆ...

ಅಜ್ಜಿ ಕಣ್ಣು ಮಿಟುಕಿಸದೆ ನೋಡುತ್ತಿದ್ದಳು.

'ಇಲ್ಲ. ಅಜ್ಜಿಯ ಕಿವಿ ಕಸಿದು ನನಗೆ ನೆಪ ಬೇಡ.' ಅವಳು ಮೂರನೇ ಹೆಜ್ಜೆ ಮಾಡಿದಳು. ಆಮೇಲೆ ನಾಲ್ಕನೆಯದು. ಫೋನ್ ಆರಿ, ಹೊತ್ತಿಕೊಂಡಿತು. ಅವಳು ಹೆಡ್‌ಫೋನನ್ನು ಅಜ್ಜಿಯ ತಲೆಗಿಟ್ಟು ಪಿಸುಗುಟ್ಟಿದಳು.

"ಅಜ್ಜಿ, ಕೇಳಿಸ್ತಾ?"

"ಕೇಳಿಸ್ತು," ಎಂದಳು ಅಜ್ಜಿ. ಚೀಟಿ ಬಿಡಿಸಿ ಮೂರನೆಯದರ ಪಕ್ಕ ಮೊದಲ ಟಿಕ್ ಹಾಕಿದಳು. "ಫೋನ್ ಸರಿಯಿದೆ. ಇನ್ನೂ ಯಾಕೆ ಕೂತಿದ್ದೀಯ? ತಲೆ ಬಾಚ್ಕೊಂಡು ಹೊರಡು!"

*

ಅವನು ತಲೆ ಎತ್ತಿದಾಗ ಅವಳು ಕೌಂಟರಿನ ಆಚೆ ನಿಂತಿದ್ದಳು. ಕೈಯಲ್ಲಿ ಫೋನಿಲ್ಲ. ಹೆಡ್‌ಫೋನಿಲ್ಲ. ಏನೂ ಇಲ್ಲ.

"ರೂಟ್ ಹೋಯ್ತಾ?"

"ಇಲ್ಲ. ಉಳೀತು. ನಾನೇ ಮಾಡಿದೆ, ನಾಲ್ಕೂ ಹೆಜ್ಜೆ."

"ಮತ್ತೆ ಏನು ಕೆಟ್ಟಿದೆ?"

"ಏನೂ ಕೆಟ್ಟಿಲ್ಲ."

ಅವನು ಸ್ಕ್ರೂಡ್ರೈವರ್ ಕೆಳಗಿಟ್ಟ. "ಹಾಗಾದ್ರೆ... ಯಾಕೆ ಬಂದ್ರಿ?"

ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂತು.

"ಅವತ್ತು ಅಂದ್ರಲ್ಲ, ನೀವಾಗಿ ಒಂದು ಸಲಾನೂ ಬಂದಿರಲಿಲ್ಲ ಅಂತ. ಐದು ಸಲಾನೂ ಅಜ್ಜಿ ಕಳಿಸಿದ್ದು ನಿಜ. ಐದು ಸಲಾನೂ ನನಗೆ ಬರೋ ಆಸೆ ಇದ್ದಿದ್ದೂ ನಿಜ. ಇವತ್ತು ಯಾರೂ ಕಳಿಸಿಲ್ಲ. ಅಂದ್ರೆ... ಕಳಿಸಿದ್ರು, ಆದ್ರೆ ಅಷ್ಟರಲ್ಲಿ ನಾನೇ ಹೊರಟಾಗಿತ್ತು. ನೀವಂದ್ರೆ ನನಗಿಷ್ಟ. ಇದಕ್ಕೆ ಮಾತ್ರ ಯಾಕೆ ಅಂತ ಕೇಳ್ಬೇಡಿ, ನನಗೂ ಗೊತ್ತಿಲ್ಲ!"

ಅವನು ಕಾಲಿನಿಂದ ಸ್ಟೂಲನ್ನು ಮುಂದಕ್ಕೆ ತಳ್ಳಿದ. ಕೌಂಟರಿನ ಆಚೆಗಲ್ಲ, ಈಚೆಗೆ, ತನ್ನ ಪಕ್ಕಕ್ಕೆ.

"ಕೂತ್ಕೋ," ಎಂದ.

"ಎಷ್ಟು ಹೊತ್ತು?"

"ಇವತ್ತು ರಿಪೇರಿ ಏನೂ ಇಲ್ವಲ್ಲ," ಎಂದು ಅವನು ಮೆಲ್ಲಗೆ ಅವಳ ಕೈ ಹಿಡಿದುಕೊಂಡ. "ಅದಕ್ಕೇ ಬೇಗ ಮುಗಿಯಲ್ಲ."