ದಿ. ಸಕ್ಕೂಬಾಯಿ ಪ್ರಕರಣ

ಶನಿವಾರ ಬೆಳಿಗ್ಗೆ ಹತ್ತೂವರೆಗೆ ರೋಣ ಠಾಣೆಗೆ ಬಂದ ದೂರು ಕೇಳಿ ಮೊದಲು ನಕ್ಕವನು ರೈಟರ್. ಚಿನ್ನ ಕದ್ದವರನ್ನು ಕಂಡಿದ್ದ, ಎಮ್ಮೆ ಕದ್ದವರನ್ನು ಕಂಡಿದ್ದ, ಹೊಲದ ಮೋಟರು ಬಿಚ್ಚಿಕೊಂಡು ಹೋದವರನ್ನೂ ಕಂಡಿದ್ದ. ಪಿಎಚ್‌ಡಿ ಪ್ರಬಂಧ ಕದ್ದವರ ಸುದ್ದಿ ಕೇಳಿದ್ದು ಇದೇ ಮೊದಲು.

ದೂರು ತಂದವಳು ಐಶ್ವರ್ಯಾ, ಗಜೇಂದ್ರಗಡದ ಕಾಲೇಜೊಂದರ ಕನ್ನಡ ಉಪನ್ಯಾಸಕಿ. ಹಾಡು, ಕುಣಿತ, ಮಾತು ಬೆರೆತ ಈ ಭಾಗದ ಸಣ್ಣಾಟದ ಮೇಳಗಳ ಬೆನ್ನು ಹತ್ತಿ ವರ್ಷಗಟ್ಟಲೆ ಊರೂರು ತಿರುಗಿದ್ದಳು. ಆ ಪ್ರಬಂಧ ಈಗ ಪುಸ್ತಕವಾಗಿತ್ತು. ಮರುದಿನ ರವಿವಾರ ರೋಣದ ಒಂದು ಸಭಾಭವನದಲ್ಲಿ ಬಿಡುಗಡೆ. ಅಲ್ಲಿಯ ಪಕ್ಕದ ಕೋಣೆಯಲ್ಲಿಟ್ಟಿದ್ದ ನಾಲ್ಕು ಕಟ್ಟು ಪುಸ್ತಕ ಬೆಳಗಾಗುವುದರೊಳಗೆ ಮಾಯವಾಗಿದ್ದವು.

ಪಿಎಸ್‌ಐ ಬೀರಲಿಂಗ ಕುರ್ಚಿಯಲ್ಲಿ ಕೂಡುವ ಮನುಷ್ಯನಲ್ಲ, ಅವತ್ತಂತೂ ಕೂಡುವ ಮಾತೇ ಇರಲಿಲ್ಲ. ಮರುದಿನ ನರಗುಂದದಲ್ಲಿ ಬಂದೋಬಸ್ತು ಇತ್ತು, ಸರ್ಕಲ್ ಸಾಹೇಬರ ಫೋನು ಮೇಲಿಂದ ಮೇಲೆ ಬರುತ್ತಿತ್ತು. ಬಾಗಿಲಿನಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ತಿರುಗಾಡುತ್ತಲೇ ಕೇಳಿದ.

"ಯಾರ ಮ್ಯಾಲರ ಅನುಮಾನ?"

"ಇಲ್ರಿ ಸರ್."

"ವೈರಿಗಳು?"

"ವೈರಿಗಳು ಹುಟ್ಟಾಕರ ಯಾರರ ಓದಬೇಕಲ್ರಿ."

ಅಷ್ಟು ಹೇಳಿ ಅವಳು ಅತ್ತುಬಿಟ್ಟಳು. ಬೀರಲಿಂಗ ಎಫ್‌ಐಆರ್ ದಾಖಲಿಸಲು ಹೇಳಿದ.

ಕಾನ್‌ಸ್ಟೇಬಲ್ ಸಣ್ಣಪ್ಪ ಊರಿನ ರದ್ದಿ ಅಂಗಡಿಗಳನ್ನೆಲ್ಲ ಜಾಲಾಡಿ ಬಂದ. ಹಳೆಯ ಪಂಚಾಂಗ, ಮದುವೆ ಪತ್ರಿಕೆ, ಹತ್ತನೇ ಇಯತ್ತೆಯ ಗೈಡು ಸಿಕ್ಕವು. ಸಣ್ಣಾಟ ಸಿಗಲಿಲ್ಲ.

ಹನ್ನೆರಡಕ್ಕೆ ಸ್ಥಳ ಪಂಚನಾಮೆ. ಬಾಗಿಲ ಕೀಲಿ ಒಡೆದಿರಲಿಲ್ಲ. ಕೀಲಿಕೈ ಕಿಟಕಿಯ ಮೊಳೆಗೆ ನೇತಾಡುತ್ತಿರುತ್ತದೆ, ಅಲ್ಲಿಗೆ ಬಂದುಹೋಗುವವರಿಗೆಲ್ಲ ಗೊತ್ತು. ಪಂಚರು ಸಹಿ ಹಾಕುವ ಹೊತ್ತಿಗೆ ಕಾನ್‌ಸ್ಟೇಬಲ್ ಜಹೀದಾ ಬೆಂಚಿನ ಕೆಳಗೆ ಕೈಹಾಕಿ ಒಂದು ಪುಸ್ತಕ ಎಳೆದಳು. ಕದ್ದವರು ಬಿಟ್ಟುಹೋದ ಒಂದೇ ಪ್ರತಿ. ಅರ್ಪಣೆಯ ಪುಟದಲ್ಲಿ ಯಾರೋ ಮೊಳೆಯಿಂದ ಕೆರೆದಿದ್ದರು. ಕಾಗದ ಹರಿದು ತೂತು ಬಿದ್ದಿತ್ತು.

"ಇಲ್ಲಿ ಏನಿತ್ರಿ ಮೇಡಂ?"

ಐಶ್ವರ್ಯಾ ತನ್ನ ಚೀಲದಲ್ಲಿದ್ದ ಪ್ರತಿ ತೆಗೆದು ತೋರಿಸಿದಳು. 'ಬಣ್ಣ ತೊಳೆಯದೆ ಹೋದ ದಿ. ಸಕ್ಕೂಬಾಯಿ ಅವರಿಗೆ' ಎಂದಿತ್ತು. ತೂತು ಬಿದ್ದದ್ದು ಸರಿಯಾಗಿ 'ದಿ.' ಇದ್ದ ಜಾಗದಲ್ಲಿ.

"ಯಾರಿವರು?"

"ಅಸೂಟಿಯ ಕಲಾವಿದೆ. ಆಟ ನಡೆದಾಗಲೇ ತೀರಿಕೊಂಡ್ರು ಸರ್. ಅವರ ಮೇಳದ ಪೇಟಿ ಮಾಸ್ತರ ಹೇಳಿದ್ರು, ನರೇಗಲ್ಲ ದುರಗಪ್ಪನವರು. ರೆಕಾರ್ಡಿಂಗ್ ಐತಿ."

ಪೇಟಿ ಮಾಸ್ತರ ಎಂದರೆ ಹಾರ್ಮೋನಿಯಂ ನುಡಿಸುವವನು. ಅವಳ ಮೊಬೈಲಿನಿಂದ ಅವನ ಧ್ವನಿ ಬಂತು.

"ಸಕ್ಕೂಬಾಯಿ ಇದ್ಲ್ರಿ. ಹೋದ್ಲು."

"ಅಯ್ಯೋ! ಯಾವಾಗ್ರಿ?"

"ಭಾಳ ವರ್ಷಾತು. ಆಟ ನಡದಾಗನ ಹೋದ್ಲು. ಬಣ್ಣಾ ಸೈತ ತೊಳಕೊಳ್ಳಲಿಲ್ಲ."

ಕೇಳಿದವರೆಲ್ಲ ಲೊಚಗುಟ್ಟಿದರು. ಸಣ್ಣಪ್ಪನಂತೂ ಟೊಪ್ಪಿಗೆಯನ್ನೇ ತೆಗೆದ.

"ಸತ್ತವರ ಮನಿಯವರಿಗೆ ಏನೋ ಸಿಟ್ಟ ಬಂದಿರಬೇಕು," ಎಂದ ಬೀರಲಿಂಗ. "ಮೇಡಂ, ನೀವು ಠಾಣೆಯೊಳಗ ಕುಂಡ್ರಿ. ಉಳದವರು ನಡೀರಿ ಅಸೂಟಿಗೆ."

ದಾರಿಯುದ್ದಕ್ಕೂ ರೈತರು ಡಾಂಬರಿನ ಮೇಲೆ ಹೆಸರುಕಾಳು ಹರವಿದ್ದರು. ಜೀಪು ಹೆಜ್ಜೆಹೆಜ್ಜೆಗೂ ನಿಂತು ಹೋಗಬೇಕಾಯಿತು. ಬೀರಲಿಂಗ ಎಲ್ಲರ ಮೇಲೂ ಸಿಡುಕಿದ. ಸರ್ಕಲ್ ಸಾಹೇಬರು ಅವನ ಮೇಲೆ ಸಿಡುಕಿದರು. ಪುಸ್ತಕದ ಕಳವಿಗೆ ಇಷ್ಟು ತಿರುಗಾಟವೇ ಎಂದು ಅವರ ಪ್ರಶ್ನೆ.

ಅಸೂಟಿಯಲ್ಲಿ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಅಂಗಳದಲ್ಲಿ ಒಬ್ಬ ಮುದುಕಿ ಜರಿಯ ಸೀರೆಯೊಂದನ್ನು ಬಿಸಿಲಿಗೆ ಹರವುತ್ತಿದ್ದಳು.

"ಸಕ್ಕೂಬಾಯಿ ಅವರ ಮನಿ ಇದ ಏನ್ರಿ?"

"ಹೌದ್ರಿ. ನಾನ ಸಕ್ಕೂಬಾಯಿ. ಬರ್ರಿ, ಕುಂಡ್ರಿ."

ಜಹೀದಾ ಕೈಯಲ್ಲಿದ್ದ ಪುಸ್ತಕವನ್ನು ತಟಕ್ಕನೆ ಬೆನ್ನ ಹಿಂದೆ ಸರಿಸಿದಳು.

"ಆಟ ಬಿಟ್ಟು ಭಾಳ ವರ್ಷ ಆತೇನವ್ವಾ?" ಬೀರಲಿಂಗ ಹೇಗೋ ಮಾತು ಹುಡುಕಿದ.

"ಮೂವತ್ತು ಆಗಿರಬೇಕ್ರಿ. ನಾ ಪಾರ್ಟ ಮಾಡಾಕತ್ತಿದ್ದೆ. ಮಗಳು ಹೆರಿಗಿ ಬ್ಯಾನಿ ತಿನ್ನಾಕತ್ಯಾಳ, ಜೀವಕ್ಕ ಬಂದೈತಿ ಅಂತ ಸುದ್ದಿ ಬಂತು. ಬಣ್ಣದ ಮಾರಿಲೇನ ದವಾಖಾನಿಗೆ ಓಡಿದೆ. ಮಗಳು ಉಳದ್ಲು. ಆಮ್ಯಾಲ ಬೀಗರು ನನ್ನ ಕುಣಿಯಾಕ ಬಿಡಲಿಲ್ಲ." ಸೀರೆಯ ಅಂಚು ಜಗ್ಗಿ ಸರಿಮಾಡಿದಳು. "ನಾಳಿ ರೋಣಕ್ಕ ಹೊಂಟೇನ್ರಿ. ನಮ್ಮ ಆಟದ್ದು ಬುಕ್ಕ ಬರತೈತಂತ. ಮಮ್ಮಗಳು ಫೋನಿನ್ಯಾಗ ತೋರಿಸಿದ್ಲು. ಪೇಟಿ ಮಾಸ್ತರಗ ಫೋನ ಹಚ್ಚಿ, ನನ್ನ ಹೆಸರು ಐತೇನಪಾ ಅಂತ ಕೇಳಿದೆ."

"ಏನಂದ್ರು?"

"ಐತಿ, ಬಾ ಅಂದ. ಇಷ್ಟು ವರ್ಷಕ್ಕ ಮಾತಾಡಿದ ನೋಡ್ರಿ." ಆಕೆ ಬಾಯಿತುಂಬ ನಕ್ಕಳು. "ಸತ್ರೂ ಹೆಸರು ಉಳೀತಲ್ರಿ, ಸಾಕು."

ಯಾರೂ ಕೂಡಲಿಲ್ಲ. ಸುಮ್ಮನೆ ವಿಚಾರಿಸಲು ಬಂದಿದ್ದೆವೆಂದು ಹೇಳಿ, ಆಕೆಯ ನಂಬರು ಬರೆದುಕೊಂಡು ಬೀರಲಿಂಗ ಜೀಪು ಹತ್ತಿದ. ಆಕೆ ಸತ್ತಳೆಂದ ಪೇಟಿ ಮಾಸ್ತರನನ್ನೇ ಕೇಳೋಣವೆಂದು ಜೀಪು ನರೇಗಲ್ಲಿಗೆ ತಿರುಗಿತು.

ನಾಲ್ಕು ಗಂಟೆಗೆ ದುರಗಪ್ಪನ ಮನೆ. ಬಾಗಿಲು ತೆರೆದೇ ಇತ್ತು. ಮುದುಕ ಕನ್ನಡಕ ಹಾಕಿಕೊಂಡು, ಅರ್ಧ ಬ್ಲೇಡು ಹಿಡಿದು, ತೊಡೆಯ ಮೇಲಿದ್ದ ಪುಸ್ತಕವನ್ನು ಮೆಲ್ಲಗೆ ಕೆರೆಯುತ್ತಿದ್ದ. ಬಲಗಡೆ ಕೆರೆದವು, ಎಡಗಡೆ ಕೆರೆಯದವು. ಪೊಲೀಸರನ್ನು ಕಂಡರೂ ಏಳಲಿಲ್ಲ.

"ಸಂಜಿತನಕ ತಡದು ಬಂದಿದ್ರ ಮುಗಿತಿತ್ತಲ್ರಿ ಸಾಹೇಬ್ರ."

"ಹ್ಯಾಂಗ ತಂದ್ರಿ?"

"ನಿನ್ನೆ ಹೊತ್ತು ಮುಣಗೂ ಮುಂದ ಕಾರ್ಯಕ್ರಮಕ್ಕಂತ ಪೇಟಿ ಇಡಾಕ ಅಲ್ಲಿಗೆ ಹೋಗಿದ್ದೆ. ಕಟ್ಟು ಬಿಚ್ಚಿ ನೋಡಿದ್ರ ಹಿಂಗ ಐತಿ. ಮೊಳೀಲೆ ಕೆರದೆ, ಹರೀತು. ನಮ್ಮೂರ ಲಾಡಸಾಬನ ಟಂಟಂ ಗಾಡ್ಯಾಗ ಹಾಕ್ಕೊಂಡು ಬಂದೆ. ಮೇಡಮ್ಮಾರ ಸಾಮಾನು ಅಂದೆ. ಅಂವಗ ಏನೂ ಗೊತ್ತಿಲ್ರಿ."

"ಮೇಡಮ್ಮಾರಿಗೆ ಹೇಳಬಾರದಿತ್ತ?"

"ಫೋನ ಮಾಡಿದ್ದೆ. ಗಡಿಬಿಡ್ಯಾಗ ಇದ್ರು. ನಾಳೆ ಮಾತಾಡೋಣ ಅಜ್ಜಾರ ಅಂದ್ರು."

"ಸತ್ತಾರಂತ ನೀವ ಹೇಳಿದ್ರಲ್ಲ?"

ದುರಗಪ್ಪ ಬ್ಲೇಡು ಕೆಳಗಿಟ್ಟ. "ಹೋದ್ಲು ಅಂದೆ. ಅವರು ಅಯ್ಯೋ ಅಂದ್ರು. ತಪ್ಪು ತಿಳಕೊಂಡಾರಂತ ಆವಾಗ ಗೊತ್ತಾತು. ಸುಮ್ಮನ ಕುಂತೆ. ಆಕಿ ಹೋದ ಮ್ಯಾಲ ನಮ್ಮ ಮೇಳ ಉಳೀಲಿಲ್ರಿ. ಆ ಸಿಟ್ಟು ನನಗ ಹೋಗಿರಲಿಲ್ಲ. ಸತ್ರ ಸಾಯಲಿ ಅನಿಸ್ತು. ಈಗ ಆಕಿ ಹೆಸರು ನೋಡಾಕ ಬರ್ತಾಳ."

ಜಪ್ತಿ ಪಂಚನಾಮೆ ಮಾಡಿ, ಕೆರೆದವು ಕೆರೆಯದವು ಎರಡನ್ನೂ ಬೇರೆ ಬೇರೆ ಕಟ್ಟಿ, ದುರಗಪ್ಪನನ್ನು ಬಂಧಿಸಿ ರೋಣಕ್ಕೆ ಕರೆತಂದರು. ಠಾಣೆಯಲ್ಲಿ ಐಶ್ವರ್ಯಾ ಎಲ್ಲವನ್ನೂ ಕೇಳಿದಳು.

"ಸತ್ತಾರಂತ ಕೇಳಿ ನಾ ಅವರ ಮನಿಗೇ ಹೋಗಲಿಲ್ಲ ಸರ್. ದೂರು ವಾಪಸ್ ತಗೋತೀನಿ."

"ಎಫ್‌ಐಆರ್ ಆಗೇತಿ ಮೇಡಂ. ಇನ್ನ ಅದು ಕೋರ್ಟಿನ ಕೈಯಾಗಿಂದು. ಪುಸ್ತಕಾನೂ ನಾಳೆ ಸಿಗೂದಿಲ್ಲ."

ಜಹೀದಾ ಬಂಧನದ ಮೆಮೊ ತುಂಬುತ್ತಿದ್ದಳು. "ಅಜ್ಜಾರ, ನಿಮ್ಮನ್ನ ಹಿಡದ ಸುದ್ದಿ ನಿಮ್ಮವರಿಗೆ ತಿಳಸಬೇಕ್ರಿ. ಯಾರಿಗೆ ತಿಳಸಲಿ?"

ಹೆಂಡತಿ ತೀರಿಕೊಂಡಿದ್ದಳು, ಮಕ್ಕಳಿರಲಿಲ್ಲ. ದುರಗಪ್ಪ ಕನ್ನಡಕ ತೆಗೆದು ಮಡಚಿಟ್ಟ.

"ಅಸೂಟಿ ಸಕ್ಕೂಬಾಯಿಗೆ ತಿಳಸ್ರಿ."

ಬೀರಲಿಂಗ ತಾನೇ ಫೋನು ಹಚ್ಚಿ, ಸ್ಪೀಕರ್ ಒತ್ತಿ ಮುದುಕನ ಕೈಗೆ ಕೊಟ್ಟ. ಇಡೀ ದಿನದಲ್ಲಿ ಮೊದಲ ಸಲ ನಿಂತಲ್ಲೇ ನಿಂತ.

"ಸಕ್ಕೂ, ಆ ಬುಕ್ಕದಾಗ ನೀ ಸತ್ತಿ ಅಂತ ಐತಿ. ಹಂಗ ತಿಳಕೊಳ್ಳಾಕ ಬಿಟ್ಟಾಂವ ನಾನ. ಅಳಸಾಕ ಹೋಗಿ ಬುಕ್ಕ ಸಮೇತ ಪೊಲೀಸರ ಕೈಯಾಗ ಸಿಕ್ಕೇನಿ."

ಫೋನು ಕಟ್ಟಾಯಿತೇನೋ ಎಂದು ಸಣ್ಣಪ್ಪ ಬಗ್ಗಿ ನೋಡಿದ.

"ಮತ್ತ ನಾಳಿ ನಾ ಬರ್ಲೋ, ಬ್ಯಾಡೋ?"

ದುರಗಪ್ಪ ಫೋನು ಮುಂದೆ ಚಾಚಿದ. ಐಶ್ವರ್ಯಾ ಫೋನು ಇಸಕೊಂಡಳು.

"ಬರ್ರಿ ಅವ್ವಾ, ನಾನ ಅದನ್ನ ಬರದಾಕಿ. ನಾನ ಬಂದು ಕರಕೊಂಡು ಬರ್ತೀನಿ."

"ಬುಕ್ಕ ಪೊಲೀಸರ ಹಂತ್ಯಾಕ ಐತಿ ಅಂದ್ರ ನನ್ನ ಹೆಸರು ಯಾರು ಓದ್ತಾರ?"

"ನಾ ಎಲ್ಲರ ಮುಂದ ಓದ್ತೀನ್ರಿ."

"ಸತ್ತಾಳ ಅಂತನ?"

"ಇಲ್ರಿ. ಬಂದಾಳ ಅಂತ."

ಆ ಸಂಜೆ ಬೀರಲಿಂಗ ಕೇಸ್ ಡೈರಿಯಲ್ಲಿ ಕಳವಿನ ಉದ್ದೇಶವನ್ನು ಹೀಗೆ ಬರೆದ: ಆರೋಪಿಯು ಸಿಟ್ಟಿನ ಭರದಲ್ಲಿ ಒಂದು ತಪ್ಪು ಮಾತನ್ನು ತಿದ್ದದೆ ಬಿಟ್ಟಿದ್ದು, ಸಂಬಂಧಪಟ್ಟ ಮಹಿಳೆಯು ಅದನ್ನು ಓದುವ ಮೊದಲು ಅಳಿಸುವ ಸಲುವಾಗಿ ಸದರಿ ಪುಸ್ತಕಗಳನ್ನು ಕಳವು ಮಾಡಿರುತ್ತಾನೆ.